ಬಲಗಡೆಯ ಪ್ರಸಾದ

"ಖಾರದ ಮಿಷನ್ನಿಗೆ ಜ್ವಾಳ ಸುರುವೀರಿ. ಕಣ್ಣು ಎಲ್ಲಿ ಇಟ್ಟಿದ್ರಿ ನೀವು?"

"ಹುಬ್ಬಿನ ನಡುವ ಇಟ್ಟಿದ್ದೆ," ಎಂದ ಶಿವಶಂಕರ.

ಸುಳ್ಳು ಹೇಳಿದ್ದರೆ ಬದುಕುತ್ತಿದ್ದ. ನಿಜ ಹೇಳಿ ಕೆಟ್ಟ. ಸುಮಲತಾ ಕೈಯಲ್ಲಿದ್ದ ಮೊರವನ್ನು ಗಿರಣಿಯ ಗೋಡೆಗೆ ಬಡಿದಳು. ಗೋಡೆಗೆ ಹತ್ತಿದ್ದ ಹಿಟ್ಟೆಲ್ಲ ಉದುರಿ ಗಂಡನ ತಲೆಯ ಮೇಲೆ ಕೂತು, ಅವನನ್ನು ಒಂದೇ ಏಟಿಗೆ ಅರವತ್ತರ ಮುದುಕನನ್ನಾಗಿ ಮಾಡಿತು.

"ಹುಬ್ಬಿನ ನಡುವ ಏನೈತ್ರಿ? ಅಲ್ಲೇನು ಜ್ವಾಳದ ಚೀಲ ಇಟ್ಟಾರಾ?"

ಬಾಗಿಲಲ್ಲಿ ಪಕ್ಕದ ಮನೆಯ ಪಕ್ಕೀರಮ್ಮ ಬಕೆಟ್ ಹಿಡಿದು ನಿಂತಿದ್ದಳು. ಅದರಲ್ಲಿದ್ದ ಹಿಟ್ಟು ಮದುಮಗಳ ಕೆನ್ನೆಯ ಹಾಗೆ ಕೆಂಪಗಿತ್ತು. ಹಿಂದಿನ ಸಂಜೆ ಬೀಸಿಸಿಕೊಂಡು ಹೋದ ಹಿಟ್ಟು ಅದು. ಬೆಳಿಗ್ಗೆ ಮಬ್ಬಿನಲ್ಲಿ ಅದರದೇ ರೊಟ್ಟಿ ಬಡಿದು ಊರಿಂದ ಬಂದಿದ್ದ ಬೀಗರಿಗೆ ಬಡಿಸಿದ್ದಳಂತೆ. ಬೀಗರು ಮೊದಲ ತುತ್ತಿಗೆ ಸುಮ್ಮನಿದ್ದರು, ಮರ್ಯಾದೆಯವರು. ಎರಡನೇ ತುತ್ತಿಗೆ ಬೀಗಿತ್ತಿ ಸೆರಗು ಕಚ್ಚಿಕೊಂಡು ನಲ್ಲಿಗೆ ಓಡಿದಳು. ಹಿಂದೆ ಬೀಗರೂ ಓಡಿದರು. ಇದನ್ನು ಪಕ್ಕೀರಮ್ಮ ಗಿರಣಿಗೆ ಬರುವ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದಿದ್ದಳು. ಆದ್ದರಿಂದ ಅವಳ ಹಿಂದೆ ಬೀದಿಯ ಅರ್ಧ ಜನ ನಿಂತಿದ್ದರು.

ಚಿಗಟೇರಿಯಲ್ಲಿ ಶಿವಶಂಕರನ ಗಿರಣಿಗೆ ಒಳ್ಳೆಯ ಹೆಸರಿತ್ತು. ಒಂದು ಕಡೆ ಜೋಳ, ಗೋಧಿ ಬೀಸುವ ಮಿಷನ್ನು, ಇನ್ನೊಂದು ಕಡೆ ಮೆಣಸಿನಕಾಯಿ ಕುಟ್ಟುವ ಮಿಷನ್ನು. ಮಗಳು ಮದುವೆಯಾಗಿ ಕೊಟ್ಟೂರಿಗೆ ಹೋದ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಆಡಬೇಕಾದ ಮಾತುಗಳೆಲ್ಲ ಮಗಳ ಜೊತೆಗೇ ಹೋದವು. ಸುಮಲತಾ ದನದ ಜೊತೆ ಮಾತಾಡತೊಡಗಿದಳು. ಶಿವಶಂಕರ ಫೋನು ಹಿಡಿದ.

ಫೋನಿನಲ್ಲಿ ಒಬ್ಬ ಗಡ್ಡದ ಸ್ವಾಮಿ ಬರುತ್ತಿದ್ದ. ಮನುಷ್ಯನ ನೋಟದಲ್ಲಿ ಬೆಟ್ಟ ಸರಿಸುವ ಶಕ್ತಿ ಇದೆ, ಸಾಧನೆ ಬೇಕು ಅಷ್ಟೆ ಎನ್ನುತ್ತಿದ್ದ. ಶಿವಶಂಕರ ವರ್ಷದ ಹಿಂದೆ ಸಾಧನೆಗೆ ಕೂತ. ಮೊದಲು ದೀಪವನ್ನು ರೆಪ್ಪೆ ಮಿಟುಕಿಸದೆ ನೋಡಿದ. ಆಮೇಲೆ ಗೋಡೆಯ ಮೇಲೆ ಮಸಿಯ ಚುಕ್ಕೆ ಇಟ್ಟು ನೋಡಿದ. ಬೆನ್ನಹುರಿಯಲ್ಲಿ ಇರುವೆ ಹರಿದಂತಾಯಿತು. ಒಂದು ದಿನ ಕಣ್ಣು ಮುಚ್ಚಿದಾಗ, ಮೋಟಾರ್ ರಿಪೇರಿಯ ರಹಿಮಾನ್ ಬರುತ್ತಾನೆ ಎಂದು ಹೊಳೆಯಿತು. ಕಣ್ಣು ತೆರೆದರೆ ರಹಿಮಾನ್ ಎದುರಿಗೇ ನಿಂತಿದ್ದ. ರಹಿಮಾನ್ ದಿನಾಲೂ ಅದೇ ಹೊತ್ತಿಗೆ ಚಾ ಕುಡಿಯಲು ಬರುತ್ತಾನೆ ಎಂಬ ಮಾತು ಸಾಧಕನ ಲೆಕ್ಕಕ್ಕೆ ಬರಲಿಲ್ಲ.

ಈಗ ಅವನು ಹೂವಿನವರೆಗೆ ಬಂದಿದ್ದ. ಒದ್ದೆ ಹೂವನ್ನು ಗಿರಣಿಯ ಗೋಡೆಗೆ ಅಂಟಿಸುವುದು, ನೋಟದಿಂದಲೇ ಕೆಡವುವುದು. ಎಷ್ಟೋ ಸಲ ಬಿದ್ದಿತ್ತು. ಪಕ್ಕೀರಮ್ಮನ ಜೋಳ ತಪ್ಪಿದ ಮಿಷನ್ನಿಗೆ ಬಿದ್ದ ಸಂಜೆಯೂ ಒಂದು ಚೆಂಡುಹೂವು ಬಿದ್ದಿತ್ತು.

ಸುಮಲತಾ ಈ ಹಿಂದೆಯೇ ಹೇಳಿಯಾಗಿತ್ತು. ಇನ್ನೊಂದು ಸಲ ಗಿರಾಕಿಯ ಮುಂದೆ ತಲೆ ತಗ್ಗಿಸುವ ಹಾಗಾದರೆ ತಾನು ಹಡಗಲಿಗೆ ಹೋಗುವವಳೇ. ಅಲ್ಲಿ ಅವಳ ಅಕ್ಕ ಯಶೋಧಾ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಕೈ ಸಾಲದೆ ತಂಗಿಯನ್ನು ಕರೆಯುತ್ತಲೇ ಇದ್ದಳು.

"ಹೊಂಟೆ ನಾನು," ಎಂದಳು ಸುಮಲತಾ ಈಗ. ಕೂಗಲಿಲ್ಲ. ಕೂಗಿದ್ದರೆ ಶಿವಶಂಕರನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. "ಇವತ್ತ ಹೊಂಟೆ. ನಿಮಗ ಗ್ವಾಡಿ ಐತಿ, ಹೂವು ಐತಿ. ನೋಡಿಕೋಂತ ಕುಂದರ್ರಿ."

ಹಿಟ್ಟು ಕೆಡಿಸಿದ್ದಕ್ಕೆ ಜಗಳಕ್ಕೆ ಬಂದಿದ್ದ ಪಕ್ಕೀರಮ್ಮ ಅಲ್ಲಿಗೆ ಜಗಳ ಬಿಟ್ಟು ಪಂಚಾಯ್ತಿಗೆ ಇಳಿದಳು. ಮನೆ ಒಡೆಯುವುದು ಅವಳಿಗೆ ಇಷ್ಟವಿರಲಿಲ್ಲ. ಒಡೆಯುವ ಮನೆಯ ನಡುವೆ ನಿಲ್ಲುವುದು ಮಾತ್ರ ಬಹಳ ಇಷ್ಟ. ಹೆಣ್ಣುಮಗಳು ಸಿಟ್ಟಿನಲ್ಲಿ ಹೊಸ್ತಿಲು ದಾಟಬಾರದು, ಇವತ್ತು ಶನಿವಾರ, ಹನುಮಪ್ಪನ ಪ್ರಸಾದ ಕೇಳಲಿ, ಅವನು ಏನು ಕೊಡುತ್ತಾನೋ ಅದಕ್ಕೆ ಇಬ್ಬರೂ ತಲೆಬಾಗಲಿ ಎಂದಳು. ಬೀದಿಯ ಜನ ಹೌದೆಂದರು. ಸುಮಲತಾ ಮೊರ ಕೆಳಗಿಟ್ಟು, ಆಯಿತು, ಕೇಳುತ್ತೇನೆ ಎಂದಳು.

ಶಿವಶಂಕರನ ಎದೆಯಲ್ಲಿ ದೀಪ ಹತ್ತಿತು.

ಊರ ಹೊರಗಿನ ಹನುಮಪ್ಪನ ಗುಡಿಯಲ್ಲಿ ಪೂಜಾರಿ ದುರುಗಪ್ಪ ಎರಡು ಕಣಗಲ ಹೂವನ್ನು ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲಗಡೆಯ ಹೂವು ಬಿದ್ದರೆ ದೇವರು ಹೂಂ ಅಂದ. ಎಡಗಡೆಯದು ಬಿದ್ದರೆ ಒಲ್ಲೆ ಅಂದ. ಬಾಯಿ ಬಿಟ್ಟು ಕೇಳುವ ರೂಢಿ ಆ ಗುಡಿಯಲ್ಲಿಲ್ಲ. ಕೇಳುವವರು ಮನಸ್ಸಿನಲ್ಲೇ ಕೇಳಬೇಕು, ಮನೆ ಮುಟ್ಟುವ ತನಕ ಯಾರ ಮುಂದೆಯೂ ಹೇಳಬಾರದು. ಊರಿನ ಮದುವೆ, ಮನೆಯ ಅಡಿಪಾಯ, ಎತ್ತಿನ ವ್ಯಾಪಾರ ಎಲ್ಲ ಹಾಗೇ ನಡೆಯುತ್ತಿದ್ದವು.

ವರ್ಷವಿಡೀ ಸಾಧನೆ ಮಾಡಿದ್ದು ಯಾತಕ್ಕೆ ಎನ್ನುವುದು ಶಿವಶಂಕರನಿಗೆ ಈಗ ತಿಳಿಯಿತು. ಹೂವು ಕೆಡವುವುದನ್ನೇ ಯಾಕೆ ಕಲಿತ? ದೀಪ ಆರಿಸುವುದನ್ನು ಕಲಿಯಬಹುದಿತ್ತು, ಚಮಚ ಬಗ್ಗಿಸುವುದನ್ನು ಕಲಿಯಬಹುದಿತ್ತು. ಎಲ್ಲವೂ ಈ ಶನಿವಾರಕ್ಕಾಗಿಯೇ ಎಂದುಕೊಂಡ.

ಆದರೂ ಒಂದು ಸಲ ಪರೀಕ್ಷೆ ಮಾಡಿ ನೋಡಬೇಕಿತ್ತು. ಸುಮಲತಾ ಸ್ನಾನಕ್ಕೆ ಹೋದಾಗ ಗೋಡೆಗೆ ಹೂವು ಅಂಟಿಸಿ ಕೂತ. ಅಷ್ಟರಲ್ಲಿ ರಹಿಮಾನ್ ಬಂದ. ಖಾರದ ಮಿಷನ್ನು ಬಿಚ್ಚಿ ಜೋಳ ತೆಗೆಯಲು ಬೆಳಿಗ್ಗೆಯೇ ಅವನಿಗೆ ಹೇಳಿ ಕಳಿಸಲಾಗಿತ್ತು. ಇಬ್ಬರೂ ಚಿಕ್ಕಂದಿನಿಂದ ಒಂದೇ ಬೆಂಚಿನವರು. ವಿಷಯ ಕೇಳಿ ರಹಿಮಾನ್ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಅವನ ಪಕ್ಕ ಕೂತ. ಇಬ್ಬರೂ ಹೂವು ನೋಡಿದರು. ಹೂವು ಇಬ್ಬರನ್ನೂ ನೋಡಿತು.

"ಲೇ ಶಿವಾ, ದಿನಾ ಗಿರಣಿ ಓಡ್ತಿತ್ತು. ಗ್ವಾಡಿ ನಡಗ್ತಿತ್ತು, ಹೂ ಬೀಳ್ತಿತ್ತು. ಇವತ್ತ ಗಿರಣಿ ಬಂದ್ ಐತಿ."

"ಗುಡ್ಯಾಗ ಗಿರಣಿ ಇಲ್ಲದಿದ್ರೂ ಬೀಳ್ತಾವಲ್ಲ?"

"ಅಲ್ಲಿ ಅವ ಅದಾನ. ಇಲ್ಲಿ ನೀ ಅದೀ," ಎಂದು ರಹಿಮಾನ್ ಎದ್ದ. ಏಳುವಾಗ ಅವನ ಭುಜ ಗೋಡೆಗೆ ತಾಕಿತು. ಹೂವು ಬಿತ್ತು. ಶಿವಶಂಕರನಿಗೆ ಅಷ್ಟು ಸಾಕಾಯಿತು.

ಸಂತೋಷದಲ್ಲಿ ಅವನೂ ಅಂಗಿಯ ತೋಳು ಮಡಚಿ ಮಿಷನ್ನಿನ ಒಳಗೆ ಮೊಣಕೈತನಕ ಕೈ ಹಾಕಿ ಖಾರ ಬೆರೆತ ಜೋಳವನ್ನು ಬಾಚಿ ತೆಗೆದ. ಆಮೇಲೆ ಕೈ ತೊಳೆದುಕೊಂಡ. ಖಾರದ ಕೈಯನ್ನು ಅವಸರದ ಗಂಡಸರು ಹೇಗೆ ತೊಳೆಯುತ್ತಾರೋ ಹಾಗೆ.

ಗುಡಿಗೆ ಹೋಗುವ ದಾರಿಯಲ್ಲಿ ಸುಮಲತಾ ಮುಂದೆ ನಡೆದಳು. ಕೈಯಲ್ಲಿ ಹಣ್ಣು ಕಾಯಿಯ ತಟ್ಟೆ, ಮೈಮೇಲೆ ಮಗಳ ಮದುವೆಯಲ್ಲಿ ಉಟ್ಟ ಸೀರೆ. ಹಿಂದೆ ಪಕ್ಕೀರಮ್ಮ ಮತ್ತು ಬೀದಿ. ಎಲ್ಲರ ಹಿಂದೆ ಶಿವಶಂಕರ, ಹೆಂಡತಿಯ ಮನಸ್ಸಿನೊಳಗೆ ಇಳಿಯುವ ಪ್ರಯತ್ನದಲ್ಲಿ ಎರಡು ಸಲ ಕಲ್ಲು ಎಡವಿದ. ಮೂರನೇ ಸಲ ಎಡವುವ ಮುಂಚೆ ಕೇಳಿಸಿತು. ಸ್ಪಷ್ಟವಾಗಿ, ಅವಳದೇ ದನಿಯಲ್ಲಿ: ಇರಲೇನಪ್ಪಾ? ಮದುವೆಯಾಗಿ ಇಷ್ಟು ವರ್ಷದಲ್ಲಿ ಹೆಂಡತಿಯ ಮನಸ್ಸು ಹೀಗೆ ಕೇಳಿಸಿದ್ದು ಇದೇ ಮೊದಲು. ಇನ್ನು ಬಲಗಡೆಯ ಹೂವು ಕೆಡವಿದರೆ ಆಯಿತು.

ದುರುಗಪ್ಪ ಹೂವು ಅಂಟಿಸಿ ಪಕ್ಕಕ್ಕೆ ಸರಿದ. ಸುಮಲತಾ ಕೈ ಮುಗಿದು ಕಣ್ಣು ಮುಚ್ಚಿದಳು. ಗುಡಿಯೊಳಗೆ ಎಣ್ಣೆಯ ವಾಸನೆ, ಸಿಂಧೂರ ಬಳಿದ ಕಲ್ಲಿನ ಮೈ, ಉಸಿರು ಹಿಡಿದ ಜನ. ಶಿವಶಂಕರ ಕಂಬದ ಮರೆಯಲ್ಲಿ ನಿಂತು ಬಲಭುಜದ ಹೂವಿನ ಮೇಲೆ ಕಣ್ಣು ನೆಟ್ಟ.

ಏನೂ ಆಗಲಿಲ್ಲ. ಹಣೆಯ ಬೆವರು ಕಣ್ಣಿಗೆ ಇಳಿಯಿತು. ಒರೆಸಿಕೊಂಡ.

ಆ ಕೈಯಲ್ಲಿ ಒರೆಸಿಕೊಳ್ಳಬಾರದಿತ್ತು. ಕಣ್ಣಿನಲ್ಲಿ ಒಲೆ ಹೊತ್ತಿತು. ಇನ್ನೊಂದು ಕೈಯಿಂದ ಉಜ್ಜಿದ. ಆ ಕಣ್ಣಿನಲ್ಲೂ ಹೊತ್ತಿತು. ನೀರು ಕೆನ್ನೆ ಮೇಲೆ ಧಾರೆಯಾಗಿ ಹರಿಯಿತು, ಮೂಗು ಸೋರಿತು, ಭುಜ ಅಲುಗಿತು. ಆದರೂ ರೆಪ್ಪೆ ಮುಚ್ಚಲಿಲ್ಲ. ಮುಚ್ಚಿದರೆ ಮನೆ ಹೋಗುತ್ತದೆ. ವರ್ಷದಲ್ಲಿ ಮಾಡಿದ ಸಾಧನೆಯೆಲ್ಲ ಈ ಹೊತ್ತಿನ ಮುಂದೆ ಮಕ್ಕಳ ಆಟ.

ಪಕ್ಕೀರಮ್ಮ ಮೊದಲು ನೋಡಿದಳು. "ಅಳಾಕತ್ಯಾನ, ಪಾಪ," ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಮಾತು ಹೆಂಗಸರ ಸಾಲಿನಲ್ಲಿ ಹರಿದು ಸುಮಲತಾಳ ತನಕ ಹೋಯಿತು. ಅವಳು ಕಣ್ಣು ತೆರೆದು ತಿರುಗಿ ನೋಡಿದಳು. ಮತ್ತೆ ದೇವರ ಕಡೆ ತಿರುಗಿ, ಈ ಸಲ ಕೈ ಬಿಗಿಯಾಗಿ ಮುಗಿದು, ತುಟಿ ಅಲುಗಿಸಿದಳು.

ಆಗ ಎಡಗಡೆಯ ಹೂವು ಜಾರಿತು.

ಶಿವಶಂಕರ ಬಲಗಡೆಯದನ್ನು ಬಿಟ್ಟು ಎಡಗಡೆಯದಕ್ಕೆ ನೋಟ ಕೊಟ್ಟ. ಉರಿಯುವ ಎರಡೂ ಕಣ್ಣಿನಿಂದ ಅದನ್ನು ಹಿಡಿದ, ಬಾವಿಗೆ ಬೀಳುವ ಕೂಸಿನ ಕಾಲು ಹಿಡಿದ ಹಾಗೆ. ಹೂವು ಹನುಮಪ್ಪನ ತೋಳಿನ ಮೇಲೆ ಬಂದು ನಿಂತಿತು. ನಿಂತೇಬಿಟ್ಟಿತು. ಅವನು ಉಸಿರು ಬಿಡುವಷ್ಟರಲ್ಲಿ ಬಲಗಡೆಯ ಹೂವು ಟಪ್ಪೆಂದು ಪಾದದ ಮೇಲೆ ಬಿತ್ತು.

ದುರುಗಪ್ಪ ಗಂಟೆ ಬಾರಿಸಿದ. "ಬಲಗಡಿ ಕೊಟ್ಟ," ಎಂದು ಹೂವನ್ನು ಸುಮಲತಾಳ ಸೆರಗಿಗೆ ಹಾಕಿದ.

ಶಿವಶಂಕರ ಜನರ ಬೆನ್ನ ಹಿಂದೆ ಕೂತು ಕೊನೆಗೂ ರೆಪ್ಪೆ ಮುಚ್ಚಿದ. ಜೀವನದಲ್ಲಿ ಇಷ್ಟು ದೊಡ್ಡ ಕೆಲಸ ಎಂದೂ ಮಾಡಿದವನಲ್ಲ ಅವನು. ಯಾರಿಗೂ ಹೇಳುವಂತಿರಲಿಲ್ಲ. ದೇವರ ಭುಜಕ್ಕೆ ಕೈ ಹಾಕಿದ ಎಂದು ಊರು ಹೊಡೆದು ಹಾಕುತ್ತಿತ್ತು.

ಮನೆಗೆ ಬಂದಾಗ ಸುಮಲತಾ ಒಳಕೋಣೆಯಿಂದ ಬೆಳಿಗ್ಗೆ ತುಂಬಿಟ್ಟ ಬ್ಯಾಗು ಹಿಡಿದು ಹೊರಬರುತ್ತಿದ್ದಳು. ಬಿಚ್ಚಿಡಲು ಹೊರಟಿದ್ದಾಳೆ ಎಂದುಕೊಂಡ ಶಿವಶಂಕರ ಕೈ ಚಾಚಿದ. ಕಣ್ಣು ಇನ್ನೂ ಟೊಮ್ಯಾಟೊ ಹಣ್ಣಿನಂತಿದ್ದವು.

"ಕೊಡಿಲ್ಲಿ. ಬಲಗಡಿ ಕೊಟ್ನಲ್ಲ."

"ಕೊಟ್ಟ. ಅದಕ್ಕ ಹೊಂಟೀನಿ," ಎಂದಳು. "ಹೋಗ್ಲೇನಪ್ಪಾ ಅಂತ ಕೇಳಿದ್ದೆ."

ಅವನು ಗೋಡೆಗೆ ಒರಗಿದ. ಇರಲೇನಪ್ಪಾ ಎಂದು ಕೇಳಿಸಿದ ದನಿ ಯಾರದ್ದು ಎಂದು ಹುಡುಕಿದ. ತನ್ನದೇ ಇರಬೇಕು.

ಸುಮಲತಾ ಬ್ಯಾಗು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಅವಳಿಗೂ ಹೋಗುವುದು ಅಷ್ಟು ಸುಲಭವಿರಲಿಲ್ಲ.

"ಮಗಳನ್ನ ಕಳಿಸೋ ಮುಂದನೂ ನೀವು ಅಳಲಿಲ್ಲ. ಇವತ್ತ ಅಷ್ಟು ಜನರ ಮುಂದ ಅತ್ರಿ. ಅದನ್ನ ನೋಡಿ ಮತ್ತ ಕೈ ಮುಗದೆ. ಎಡಗಡಿ ಕೊಡಪ್ಪಾ, ನಾ ಎಲ್ಲಿಗೂ ಹೋಗಂಗಿಲ್ಲ ಅಂತ ಬೇಡಿಕೊಂಡೆ. ಕೊಡಾಕತ್ತಿದ್ದ. ಜಾರಿ ತೋಳಿಗೆ ಬಂದಿತ್ತು. ಅಲ್ಲಿ ಬಂದು ಯಾಕ ನಿಂತಿತೋ."

ಅಳು ಖಾರದ್ದು ಎಂದು ಹೇಳುವ ಧೈರ್ಯ ಶಿವಶಂಕರನಿಗಿರಲಿಲ್ಲ. ಸುಮ್ಮನಿರುವ ಬುದ್ಧಿಯೂ ಇರಲಿಲ್ಲ. ಇದು ಹನುಮಪ್ಪನ ಮಾತೇ ಅಲ್ಲ ಎಂದು ತಿಳಿದರೆ ಹೆಂಡತಿ ನಿಲ್ಲುತ್ತಾಳೆ ಎಂದು ಅವನ ಲೆಕ್ಕ.

"ಅದು ದೇವರು ಕೊಟ್ಟಿದ್ದಲ್ಲ, ಸುಮಾ. ಎಡಗಡಿದು ನಾ ಹಿಡಿದು ನಿಲ್ಲಿಸಿದೆ. ಬಲಗಡಿದೂ ನಾನ ಕೆಡವಿದೆ."

ಅವಳು ನಗುತ್ತಾಳೆ, ಬೈಯುತ್ತಾಳೆ, ಇನ್ನೊಂದು ಮೊರ ಬಡಿಯುತ್ತಾಳೆ ಎಂದು ಕಾದ. ಆದರೆ ಬೀಳುತ್ತಿದ್ದ ಹೂವು ನಡುವೆ ನಿಂತಿದ್ದನ್ನು ಅವಳೂ ಕಣ್ಣಾರೆ ಕಂಡಿದ್ದಳು. ಒಂದು ವರ್ಷ ನಂಬದವಳು ಆ ಹೊತ್ತಿನಲ್ಲಿ ನಂಬಿದಳು.

"ಖರೇನ?"

"ಹನುಮಪ್ಪನ ಆಣಿ."

"ಹಂಗಾರ ಮುಗೀತು ಬಿಡ್ರಿ," ಎಂದಳು. "ದೇವರು ಕಳಿಸಿದ್ರ ಮುಂದಿನ ಶನಿವಾರ ಬಂದು ಮತ್ತ ಕೇಳ್ತಿದ್ದೆ. ಅವ ಮನಸು ಬದಲಿ ಮಾಡ್ತಾನ. ನೀವ ಕಳಿಸೀರಿ ಅಂದಮ್ಯಾಲ ಯಾರನ್ನ ಕೇಳ್ಲಿ?"

ಬ್ಯಾಗು ಎತ್ತಿಕೊಂಡು ಹೊಸ್ತಿಲು ದಾಟಿದಳು.

ಹೊಸ್ತಿಲ ಹೊರಗೆ ಪಕ್ಕೀರಮ್ಮ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸುಮಲತಾಳಿಗೆ ದಾರಿ ಬಿಟ್ಟು ಒಳಗೆ ಬಂದು, ಬೆಳಿಗ್ಗೆ ಜಗಳಕ್ಕೆ ಬಂದವಳೇ ಈಗ ಶಿವಶಂಕರನ ಮುಂದೆ ತಲೆಗೆ ಸೆರಗು ಹೊದ್ದು ಕೈ ಮುಗಿದಳು. ಬೀಗರು ಸಿಟ್ಟಾಗಿದ್ದಾರೆ, ತಮ್ಮ ಮಗಳನ್ನು ಇನ್ನು ತನ್ನ ಮನೆಗೆ ಕಳಿಸುವುದೋ ಬೇಡವೋ ಎಂದು ಬರುವ ಶನಿವಾರ ಪ್ರಸಾದ ಕೇಳುತ್ತಾರೆ, ಯಾವ ಕಡೆಯದು ಬೀಳಬೇಕು ಎಂದು ತಾನು ಮೊದಲೇ ಬಂದು ಹೇಳುತ್ತೇನೆ, ದೊಡ್ಡ ಮನಸ್ಸು ಮಾಡಬೇಕು ಎಂದಳು. ಅವಳ ಹಿಂದೆ ಇನ್ನಿಬ್ಬರು ಚಪ್ಪಲಿ ಕಳಚುತ್ತಿದ್ದರು.

ಶಿವಶಂಕರ ಅವರನ್ನು ತಳ್ಳಿಕೊಂಡು ಹೊರಗೆ ಬಂದ. ಬೀದಿಯ ಕೊನೆಯಲ್ಲಿ ಹಡಗಲಿಯ ಬಸ್ಸು ನಿಂತಿತ್ತು. ಸುಮಲತಾ ಅದರ ಕಡೆ ನಡೆದಿದ್ದಳು. ಅವನು ಕೂಗುವ ಬದಲು ಅವಳ ಬೆನ್ನ ಮೇಲೆ ಕಣ್ಣು ನೆಟ್ಟ. ಒಂದು ಸಲ ತಿರುಗಲಿ ಎಂದು, ರೆಪ್ಪೆ ಮಿಟುಕಿಸದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ನೋಡಿದ.

ತಿರುಗಲಿಲ್ಲ. ಬಸ್ಸು ಹತ್ತಿದಳು. ಆ ಶನಿವಾರದ ನಂತರ ಆ ಮನೆಗೆ ಬಹಳ ಜನ ಬಂದರು. ಅವಳು ಬರಲಿಲ್ಲ.