ಕಾಗದದ ಬೇಸ್‌ಬಾಲೂ ಎಂಟನೇ ಟೀಮಿನ ಭವಿಷ್ಯವೂ

ಕೆಲವರು ಸುಮ್ಮನೆ ಒಂದು ಮೂಲೆಯಲ್ಲಿ ನಿಂತಿದ್ದರೂ ಫಜೀತಿ ಅವರ ವಿಳಾಸ ಹುಡುಕಿಕೊಂಡು ಬರುತ್ತದೆ. ನನ್ನ ಹತ್ತಿರ ಅದು ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ, ಬೇಸ್‌ಬಾಲ್ ಸೀಸನ್ ಶುರುವಾಗುವ ಮೂರು ವಾರ ಮುಂಚೆ ಬರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ವರ್ಜೀನಿಯಾದ ಹರ್ನ್‌ಡನ್‌ನಲ್ಲಿ ಸರ್ಕಾರಿ ಕಾಂಟ್ರಾಕ್ಟ್ ಹಿಡಿದು ನಡೆಸುವ ಒಂದು ಕಂಪನಿಯಲ್ಲಿ ನಾನು ಪ್ರೋಗ್ರಾಮರ್ ಆಗಿದ್ದೆ. ನಮ್ಮ ಆಫೀಸಿನಲ್ಲಿ ಎಂಟು ಜನರ ಒಂದು ಬೇಸ್‌ಬಾಲ್ ಲೀಗ್ ಇತ್ತು. ಅದರಲ್ಲಿ ಯಾರೂ ಓಡುವಂತಿಲ್ಲ, ಬೆವರುವಂತಿಲ್ಲ. ನಿಜವಾದ ಆಟಗಾರರ ಹೆಸರುಗಳನ್ನು ಕಾಗದದ ಮೇಲೆ ನಾವೇ ಹಂಚಿಕೊಳ್ಳಬೇಕು. ಅವರು ತಮ್ಮ ಪಾಡಿಗೆ ಎಲ್ಲೋ ಸ್ಟೇಡಿಯಮ್ಮಿನಲ್ಲಿ ಆಡುತ್ತಾರೆ, ಮರುದಿನ ಪೇಪರಿನಲ್ಲಿ ಬಂದ ಅಂಕಿಗಳನ್ನು ನೋಡಿ ನಾವು ಲಂಚ್ ರೂಮಿನಲ್ಲಿ ಗೆಲ್ಲುತ್ತೇವೆ ಇಲ್ಲವೇ ಸೋಲುತ್ತೇವೆ. ಸೀಸನ್ನಿಗೆ ಮುಂಚೆ ಯಾರ ಟೀಮು ಎಷ್ಟನೇ ಸ್ಥಾನಕ್ಕೆ ಬರುತ್ತದೆ ಅಂತ ಭವಿಷ್ಯ ಬರೆದು ಗೋಡೆಗೆ ಅಂಟಿಸುವುದು ಪದ್ಧತಿ. ಯುದ್ಧವೆಲ್ಲ ನಡೆಯುತ್ತಿದ್ದದ್ದು ಆ ಗೋಡೆಯ ಮುಂದೆಯೇ.

೧. ಮೈಸೂರ್ ಪಾಕ್

ಲೀಗಿಗೆ ಒಬ್ಬ ಕಮಿಷನರ್ ಇದ್ದ. ಹಿಂದೆ ನೌಕಾಪಡೆಯಲ್ಲಿದ್ದು ಈಗ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದವನು. ಒಂದು ದಿನ ನನ್ನ ಕ್ಯೂಬಿಕಲ್ಲಿನ ಗೋಡೆಯ ಮೇಲಿಂದ ತಲೆ ಹಾಕಿದ.

"ನಿಮ್ಮ ದೇಶದಲ್ಲಿ ಕ್ರಿಕೆಟ್ ಆಡ್ತಾರಲ್ವಾ?"

"ಆಡ್ತಾರೆ."

"ಅದರಲ್ಲೂ ಒಂದು ಚೆಂಡು, ಒಂದು ಬ್ಯಾಟು ಇರುತ್ತೆ?"

"ಇರುತ್ತೆ."

"ಸಾಕು. ಎಂಟನೇ ಟೀಮು ನಿಂದು. ಇವತ್ತು ಸಂಜೆಯೊಳಗೆ ಒಂದು ಹೆಸರಿಟ್ಟು ಫೋನ್ ಮಾಡು."

ಸಂಜೆ ಮನೆಯಲ್ಲಿ ನನ್ನ ಹೆಂಡತಿ ಮೈಸೂರ್ ಪಾಕ್ ಮಗುಚುತ್ತಿದ್ದಳು. ಅಮೆರಿಕಕ್ಕೆ ಬಂದ ಮೇಲೆ ಅದು ಅವಳ ಮೊದಲ ಪ್ರಯತ್ನ. ತುಪ್ಪದ ಘಮ ಅಪಾರ್ಟ್‌ಮೆಂಟ್ ತುಂಬ ಹರಡಿತ್ತು. ನನಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಫೋನ್ ಎತ್ತಿ "ಮೈಸೂರ್ ಪಾಕ್" ಅಂದೆ. ಆ ಕಡೆಯಿಂದ ಕಮಿಷನರ್ ಬಹಳ ಹೊತ್ತು ನಕ್ಕು, "ಭಲೇ!" ಅಂತ ಫೋನ್ ಇಟ್ಟ. ಹೆಸರು ಇಷ್ಟು ಹಿಡಿಸಿತಲ್ಲ ಅಂತ ನಾನೂ ಹಿಗ್ಗಿದೆ.

ಸೋಮವಾರ ಗೋಡೆಯ ಮೇಲೆ ಬರೀ ಹೆಸರುಗಳನ್ನು ನೋಡಿ ಬರೆದ ಮೊದಲ ಭವಿಷ್ಯ ಅಂಟಿತ್ತು. ಕೊನೆಯ ಸಾಲು ಹೀಗಿತ್ತು: "ಎಂಟನೇ ಸ್ಥಾನ, 'ಮೈ ಸೋರ್ ಬ್ಯಾಕ್'. ತನ್ನ ಟೀಮಿಗೆ 'ಅಯ್ಯೋ ನನ್ನ ಬೆನ್ನು ನೋವೇ' ಅಂತ ತಾನೇ ಹೆಸರಿಟ್ಟುಕೊಂಡ ಈ ಹೊಸಬನ ಪ್ರಾಮಾಣಿಕತೆ ಮೆಚ್ಚತಕ್ಕದ್ದು."

ಇದನ್ನು ಹೀಗೇ ಬಿಟ್ಟರೆ ಮೈಸೂರಿನ ಮಾನ ಹೋಗುತ್ತದೆ ಅಂತ ಮರುದಿನ ಒಂದು ಡಬ್ಬಿ ತುಂಬ ಮೈಸೂರ್ ಪಾಕ್ ತಂದು ಕಮಿಷನರ್ ಮುಂದೆ ಇಟ್ಟೆ. "ಇದು ಬೆನ್ನು ನೋವಲ್ಲ. ನಮ್ಮೂರಿನ ಸಿಹಿ. ತಿಂದು ನೋಡಿ, ಆಮೇಲೆ ಹೆಸರು ಸರಿಮಾಡಿ."

ಪಾಕ ಸ್ವಲ್ಪ ಗಟ್ಟಿಯಾಗಿದೆ ಅಂತ ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು. ಅವನು ಒಂದು ತುಂಡನ್ನು ಬಾಯಿಗಿಟ್ಟು ಕಚ್ಚಿದ. ಟಕ್ ಅಂತ ಸದ್ದಾಯಿತು. ಒಂದು ನಿಮಿಷ ಕೆನ್ನೆ ಹಿಡಿದುಕೊಂಡು ಕೂತಿದ್ದು, ಎದ್ದು ಗೋಡೆಯ ಹತ್ತಿರ ಹೋಗಿ, ನಾನು ಕೇಳಿದ ಪ್ರಕಾರ ಹೆಸರು ತಿದ್ದಿದ.

"ಮೈ ಸೋರ್ ಜಾ." ಅಂದರೆ, ಅಯ್ಯೋ ನನ್ನ ದವಡೆಯೇ!

೨. ತೂತು ಕೊಡಗಳು

ಆಟಗಾರರ ಹಂಚಿಕೆ ಹತ್ತಿರದ ಶ್ಯಾಂಟಿಲಿಯಲ್ಲಿ, ಕಮಿಷನರ್ ಮನೆಯ ಬೇಸ್‌ಮೆಂಟಿನಲ್ಲಿ, ಒಂದು ಶನಿವಾರ ಬೆಳಿಗ್ಗೆ. ಸರದಿ ಬಂದಾಗ ಒಬ್ಬೊಬ್ಬರು ಒಂದೊಂದು ಹೆಸರು ಕೂಗಬೇಕು, ಆ ಹೆಸರಿನ ಆಟಗಾರ ಅವರ ಟೀಮಿಗೆ. ನಾನು ಎರಡು ವಾರ ಲೈಬ್ರರಿಯಲ್ಲಿ ಕೂತು ತಯಾರಿ ಮಾಡಿದ್ದೆ. ಎಸ್ಸೆಸ್ಸೆಲ್ಸಿಗೂ ಅಷ್ಟು ಓದಿರಲಿಲ್ಲ.

ಬೌಲರ್‌ಗಳನ್ನು ಇಲ್ಲಿ ಪಿಚರ್ ಅನ್ನುತ್ತಾರೆ. ಅವರ ಹೆಸರಿನ ಮುಂದೆ 'ರನ್ ಆವರೇಜ್' ಅಂತ ಒಂದು ಅಂಕಿ. ಹುಟ್ಟಿದಾಗಿನಿಂದ ಕ್ರಿಕೆಟ್ ನೋಡಿದವನಿಗೆ ಆವರೇಜ್ ಏನೆಂದು ಯಾರಾದರೂ ಹೇಳಿಕೊಡಬೇಕೇ? ಜಾಸ್ತಿ ಇದ್ದವರಿಗೆಲ್ಲ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದೆ. ಒಬ್ಬ ದೊಡ್ಡ ಹೆಸರಿನವನ ಆವರೇಜ್ ಬರೀ ಎರಡು ಚಿಲ್ಲರೆ. ಪಾಪ, ಗಲ್ಲಿ ಕ್ರಿಕೆಟ್ಟಿಗೂ ಸೇರಿಸಿಕೊಳ್ಳುವುದಿಲ್ಲ ಅಂತ ಅವನ ಹೆಸರು ಹೊಡೆದು ಹಾಕಿದ್ದೆ.

ನನ್ನ ಸರದಿ ಬಂತು. ಆವರೇಜ್ ಏಳು ಇದ್ದವನ ಹೆಸರು ಗಟ್ಟಿಯಾಗಿ ಕೂಗಿದೆ. ಕೋಣೆಯಲ್ಲಿ ಕಾಫಿ ಹೀರುವ ಸದ್ದು ನಿಂತುಹೋಯಿತು. ಎರಡನೇ ಸಲ ಆರೂವರೆಯವನನ್ನು ಕೂಗಿದೆ. ಪಿಸುಮಾತು ಶುರುವಾಯಿತು. "ಇವನಿಗೆ ಏನೋ ಗೊತ್ತಿದೆ. ಕಂಪ್ಯೂಟರ್‌ನಲ್ಲಿ ಏನೋ ಲೆಕ್ಕ ಹಾಕಿದಾನೆ." ಮೂರನೇ ಸಲ ನಾನು ಕಣ್ಣಿಟ್ಟಿದ್ದ ಆರು ಚಿಲ್ಲರೆಯವನನ್ನು ನನಗಿಂತ ಮುಂಚೆ, ನಮ್ಮ ಕಾಂಟ್ರಾಕ್ಟ್ ವಿಭಾಗದವನು ಕುರ್ಚಿಯಿಂದ ಎದ್ದು ನಿಂತು ಕೂಗಿಬಿಟ್ಟ! ಅವನು ಮೂವತ್ತು ವರ್ಷದಿಂದ ಬೇಸ್‌ಬಾಲ್ ನೋಡುತ್ತಿದ್ದ ಮಹಾಪಂಡಿತ. ಅಂಥವನೇ ನನ್ನ ಹಾದಿ ಹಿಡಿದನಲ್ಲ ಅಂತ ನನಗೆ ಒಳಗೊಳಗೇ ಸಂಭ್ರಮ.

ಎಲ್ಲ ಮುಗಿದ ಮೇಲೆ ಕಮಿಷನರ್ ಕೇಳಿದ, "ನಿನ್ನ ಗುಟ್ಟೇನು, ಈಗಲಾದರೂ ಹೇಳು." ಹೆಮ್ಮೆಯಿಂದ ಕೆಂಪು ಗೆರೆಗಳ ಹಾಳೆ ತೋರಿಸಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಇದು ಪಿಚರ್ ಹೊಡೆದ ರನ್ನಲ್ಲ. ಎದುರಾಳಿಗೆ ಬಿಟ್ಟುಕೊಟ್ಟ ರನ್ನು."

ಸಂತೆಯೆಲ್ಲ ಸುತ್ತಿ, ಬಡಿದು ನೋಡಿ, ತೂತಿರುವ ಕೊಡಗಳನ್ನೇ ಆರಿಸಿ ತಂದಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಕಾಂಟ್ರಾಕ್ಟ್ ಪಂಡಿತ ಮಾತ್ರ ತನ್ನ ಹಾಳೆ ನೋಡುತ್ತ ಬೆಪ್ಪಾಗಿ ಕೂತಿದ್ದ.

"ಅವನಿಗೆ ಗೊತ್ತಿರ್ಲಿಲ್ಲ, ಸರಿ," ಅಂದ. "ನಾನು ಯಾಕೆ ತಗೊಂಡೆ?"

೩. ಸೆಕೆಂಡ್‌ನಲ್ಲಿರುವ ಮುದುಕ

ಇನ್ನು ನನ್ನ ಬುದ್ಧಿಯನ್ನು ನಂಬುವಂತಿರಲಿಲ್ಲ. ಪಕ್ಕದ ಊರು ರೆಸ್ಟನ್‌ನಲ್ಲಿ ನಮ್ಮ ಕಡೆಯ ಒಬ್ಬ ಡಾಕ್ಟರ್ ಅಂಕಲ್ ಇದ್ದರು. ಅರವತ್ತರ ದಶಕದ ಕೊನೆಯಲ್ಲಿ ಬಂದವರು. ನಾರ್ತ್ ಕೆರೊಲಿನಾದಲ್ಲಿ ಕೆಲವು ವರ್ಷ, ಅಟ್ಲಾಂಟಾದಲ್ಲಿ ಕೆಲವು ವರ್ಷ ಮೂಳೆ ಡಾಕ್ಟರಾಗಿದ್ದು ಇಲ್ಲಿ ನೆಲೆಸಿದ್ದರು. ಬೇಸ್‌ಬಾಲ್ ಅಂದರೆ ಪ್ರಾಣ. ಟೀವಿಯಲ್ಲಿ ಪಿಚರ್ ಕೈ ಬೀಸುವುದನ್ನು ನೋಡಿಯೇ "ಇವನ ಭುಜ ಜುಲೈ ದಾಟಲ್ಲ" ಅನ್ನುತ್ತಿದ್ದರು.

"ನಿನ್ನ ಟೀಮ್ ಪಟ್ಟಿ ಫ್ಯಾಕ್ಸ್ ಮಾಡಯ್ಯ," ಅಂದರು. "ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಬೇಕು, ನೋಡಿ ವಾಪಸ್ ಕಳಿಸ್ತೀನಿ."

ಕಳಿಸಿ ನಾನು ಮೀಟಿಂಗಿಗೆ ಹೋದೆ. ಫ್ಯಾಕ್ಸ್ ಮೆಷಿನ್ ಇದ್ದದ್ದು ಎಚ್ಆರ್ ಮೇಡಂ ಮೇಜಿನ ಪಕ್ಕ. ಸರ್ಕಾರ ಖರ್ಚು ಕಡಿಮೆ ಮಾಡುತ್ತಿದ್ದ ಕಾಲ, ಆಫೀಸಿನಲ್ಲಿ ಲೇಆಫ್ ಗುಸುಗುಸು ಜೋರಾಗಿತ್ತು. ಅಂಥ ಹೊತ್ತಿನಲ್ಲಿ ಅಂಕಲ್ ಬರೆದ ಇಂಗ್ಲಿಷ್ ಫ್ಯಾಕ್ಸ್ ಹೊರಗೆ ಬಂತು:

"ಫಸ್ಟ್: ಇಟ್ಟುಕೋ. ಸೆಕೆಂಡ್: ವಯಸ್ಸಾಗಿದೆ, ನಿಧಾನ, ಕೂಡಲೇ ಬಿಡು. ಥರ್ಡ್: ಹೆಸರು ದೊಡ್ಡದು, ಕೆಲಸ ಸೊನ್ನೆ, ಯಾರಿಗಾದರೂ ದಾಟಿಸು. ಶಾರ್ಟ್: ಕೈ ಚುರುಕು, ಮಿಕ್ಕಿದ್ದು ಸುಮಾರು, ಮೇ ತನಕ ನೋಡು. ಲೆಫ್ಟ್: ತೀರಾ ದಪ್ಪ, ಊಟ ಕಡಿಮೆ ಮಾಡಲಿ."

ಇವೆಲ್ಲ ಮೈದಾನದಲ್ಲಿ ಆಟಗಾರರು ನಿಲ್ಲುವ ಜಾಗಗಳ ಹೆಸರು. ಆದರೆ ನಮ್ಮ ಆಫೀಸೂ ಮೂರು ಮಹಡಿಯದು, ಎಚ್ಆರ್ ಮೇಡಂ ಅದನ್ನು ಲೇಆಫ್ ಪಟ್ಟಿ ಅಂತ ಓದಿ ಸುದ್ದಿ ಹಬ್ಬಿಸಿಬಿಟ್ಟಿದ್ದರು!

ಮೀಟಿಂಗ್ ಮುಗಿಸಿ ಬಂದರೆ ಸೆಕೆಂಡ್ ಫ್ಲೋರಿನಲ್ಲಿ ಜನ ಮಕ್ಕಳ ಫೋಟೋಗಳನ್ನು ಡಬ್ಬಕ್ಕೆ ತುಂಬುತ್ತಿದ್ದಾರೆ. ನನ್ನ ಎಡಗಡೆ ಕೂರುವ ಭಾರಿ ಆಸಾಮಿ ಮುಖ ಸಪ್ಪಗೆ ಮಾಡಿಕೊಂಡು ಸೌತೆಕಾಯಿ ತಿನ್ನುತ್ತಿದ್ದಾನೆ. ಐದಡಿಯೂ ಇಲ್ಲದ ಅಕೌಂಟೆಂಟ್ ಮೇಡಂ ಸೊಂಟದ ಮೇಲೆ ಕೈಯಿಟ್ಟು ಮೆಟ್ಟಿಲ ಹತ್ತಿರ ನಿಂತು ಕೂಗುತ್ತಿದ್ದಾರೆ, "'ಶಾರ್ಟ್' ಅಂತ ಬರೆದವನು ಯಾರು? ನನ್ನ ಮುಂದೆ ಬಂದು ನಿಲ್ಲಲಿ!"

ನಿಂತೆ. ತಪ್ಪು ಒಪ್ಪಿಕೊಂಡೆ. ಕಮಿಷನರ್ ಮಹಡಿ ಮಹಡಿಗೆ ಹೋಗಿ ವಿಷಯ ಬಿಡಿಸಿ ಹೇಳಿದ. ಅಷ್ಟರಲ್ಲಿ ಡೈರೆಕ್ಟರಿಂದ ನನಗೆ ಕರೆ ಬಂತು. ಕೆಲಸ ಹೋಯಿತು, ವೀಸಾ ಹೋಯಿತು, ಸಾಮಾನು ಕಟ್ಟುವುದೇ ಅಂದುಕೊಂಡು ಒಳಗೆ ಹೋದೆ. ಅವರ ಮೇಜಿನ ಮೇಲೆ ಆ ಫ್ಯಾಕ್ಸು.

"ಎರಡು ವರ್ಷದಿಂದ ಕನ್ಸಲ್ಟೆಂಟ್‌ಗಳನ್ನ ಇಟ್ಕೊಂಡಿದ್ದೀನಿ," ಅಂದರು. "ಒಬ್ಬರೂ ಇಷ್ಟು ಸ್ಪಷ್ಟವಾಗಿ ಹೇಳಿರ್ಲಿಲ್ಲ. ಇವರ ನಂಬರ್ ಕೊಡು."

೪. ಕಡಲೆಕಾಯಿ ಅಜ್ಜಿ

ಆ ವರ್ಷ ಯುಗಾದಿಗೆ ಅಟ್ಲಾಂಟಾದಲ್ಲಿರುವ ಭಾವಮೈದುನನ ಮನೆಗೆ ಹೊರಟೆವು. ನಾನು, ಹೆಂಡತಿ, ಹಿಂದಿನ ಸೀಟಿನಲ್ಲಿ ಇಬ್ಬರು ಹೆಣ್ಣುಮಕ್ಕಳು. ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಲು ಅವತ್ತು ಮಧ್ಯಾಹ್ನವೇ ಕೊನೆ. ಅಂಕಲ್ ಬೇರೆ ಹೇಳಿದ್ದರು, "ನಿನ್ನ ಹೊಸ ಹುಡುಗರು ಪ್ರಯೋಜನ ಇಲ್ಲ, ಅನುಭವಸ್ಥ ಒಬ್ಬ ಬೇಕು."

ಸೌತ್ ಕೆರೊಲಿನಾದಲ್ಲಿ ರಸ್ತೆ ಪಕ್ಕ ಒಂದು ಅಂಗಡಿ ಕಾಣಿಸಿತು. "ರೀ, ನಿಲ್ಸಿ, ನಿಲ್ಸಿ! ಬೇಯಿಸಿದ ಕಡಲೆಕಾಯಿ!" ಅಂತ ಹೆಂಡತಿ ಕೂಗಿದಳು. ಅಂಗಡಿ ಪಕ್ಕದಲ್ಲೇ ಒಂದು ಪೇ ಫೋನ್ ನನ್ನ ಕಣ್ಣಿಗೆ ಬಿತ್ತು. ಇಬ್ಬರಿಗೂ ದೇವರು ಪ್ರತ್ಯಕ್ಷನಾದ ಹಾಗಾಯಿತು. ಅವಳು ರೆಸ್ಟ್ ರೂಮಿಗೆ ಹೋದಳು, ಮಕ್ಕಳು ಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸತೊಡಗಿದರು, ನಾನು ಕಾಂಟ್ರಾಕ್ಟ್ ಪಂಡಿತನಿಗೆ ಫೋನ್ ಹಚ್ಚಿದೆ. ಲಾರಿಗಳ ಗದ್ದಲ, ಕಿರುಚಿಯೇ ಮಾತಾಡಬೇಕು. ಬೇಸ್‌ಬಾಲ್ ಭಾಷೆಯಲ್ಲಿ ಹೊಸ ಆಟಗಾರರಿಗೆ 'ಮಕ್ಕಳು' ಅನ್ನುತ್ತಾರೆ.

"ಇಬ್ಬರು ಮಕ್ಕಳನ್ನೂ ತಗೊಂಡುಬಿಡು! ಚಿಕ್ಕವರು, ಆರೋಗ್ಯವಾಗಿದ್ದಾರೆ!... ಬದಲಿಗೆ ನಿನ್ನ ಹತ್ತಿರ ಇರೋ ಆ ಮುದುಕನ್ನ ಕೊಡು!... ಇಲ್ಲಪ್ಪ, ನಾಲ್ಕು ವರ್ಷ ಸಾಕೋ ತಾಳ್ಮೆ ನನಗಿಲ್ಲ! ಇವತ್ತೇ ಬೇಕು!"

ಅಂಗಡಿಯ ಅಜ್ಜಿ ಸೌಟು ಹಿಡಿದು ನಿಂತಲ್ಲೇ ನಿಂತಿದ್ದರು. ನಿಧಾನವಾಗಿ ಬೆಂಚಿನ ಹತ್ತಿರ ಬಂದು, ನನಗೂ ಮಕ್ಕಳಿಗೂ ನಡುವೆ ಅಡ್ಡ ನಿಂತು, ಕೈತುಂಬ ಕ್ಯಾಂಡಿ ಕೊಟ್ಟು ಕೇಳಿದರು, "ಕಂದಾ, ಇದೆಲ್ಲ ನಿಮ್ಮಮ್ಮನಿಗೆ ಗೊತ್ತಾ?"

ಅಷ್ಟರಲ್ಲಿ ಹೆಂಡತಿ ಬಂದಳು. ಅಜ್ಜಿ ಅವಳ ಕೈ ಹಿಡಿದು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಅವಳು ನನ್ನನ್ನು ನೋಡಿದಳು, ಕ್ಯಾಂಡಿಗೆ ಕಿತ್ತಾಡಲು ಶುರು ಮಾಡಿದ್ದ ಮಕ್ಕಳನ್ನು ನೋಡಿದಳು.

"ವರ್ಜೀನಿಯಾದಿಂದ ಹೀಗೇ ಕಚ್ಚಾಡ್ತಾ ಬಂದಿದ್ದಾರೆ ಅಜ್ಜಿ," ಅಂದಳು. "ಆ ಮುದುಕನಿಗೆ ಪಾತ್ರೆ ತೊಳೆಯೋಕೆ ಬರುತ್ತಾ, ಕೇಳಿ."

೫. ಖಾಲಿ ಚೌಕ

ಮರುವರ್ಷ ಕಮಿಷನರ್ ಹೊಸ ಬಹುಮಾನ ಇಟ್ಟ. ಯಾರ ಭವಿಷ್ಯ ಸರಿಯಾಗುತ್ತದೋ ಅವರಿಗೆ ಒಂದು ವರ್ಷ ಆಫೀಸಿನ ಬಾಗಿಲ ಪಕ್ಕದ ಪಾರ್ಕಿಂಗ್ ಜಾಗ. ಉಳಿದವರೆಲ್ಲ ಪಾರ್ಕಿಂಗಿನ ಆ ತುದಿಯಲ್ಲಿ ಕಾರು ನಿಲ್ಲಿಸಿ, ಹಿಮದಲ್ಲಿ ಜಾರುತ್ತ ಬರಬೇಕಾದ ಆಫೀಸದು. ಎಂಟು ಜನಕ್ಕೂ ಜ್ವರ ಬಂದ ಹಾಗಾಯಿತು. ಊಟ ಬಿಟ್ಟು ಲೆಕ್ಕ ಹಾಕಿದೆವು.

ಹಾಳೆಯಲ್ಲಿ ಮೊದಲು ನಮ್ಮ ಎಂಟು ಟೀಮುಗಳ ಸ್ಥಾನ ತುಂಬಬೇಕು. ಕೆಳಗೆ ಒಂದು ಚೌಕ. ಅದರಲ್ಲಿ ನಿಜವಾದ ಬೇಸ್‌ಬಾಲಿನಲ್ಲಿ ಆ ವರ್ಷದ ಚಾಂಪಿಯನ್ ಯಾರು ಅಂತ ಬರೆಯಬೇಕು. ನಾನು ಮೇಲಿನದೆಲ್ಲ ತುಂಬಿ, ಚೌಕದ ಮೇಲೆ ಪೆನ್ನಿಟ್ಟು ಯೋಚಿಸುತ್ತಿದ್ದಾಗ ಹೆಂಡತಿಯ ಫೋನು. "ರೀ, ಅಮ್ಮನ ಫ್ಲೈಟು ಅರ್ಧ ಗಂಟೆ ಮುಂಚೆ ಬಂದ್ಬಿಟ್ಟಿದೆಯಂತೆ! ಓಡಿ!" ಹಾಳೆಯನ್ನು ಕಮಿಷನರ್ ಮೇಜಿನ ಮೇಲೆಸೆದು ಹತ್ತಿರದ ಡಲ್ಲಸ್ ಏರ್‌ಪೋರ್ಟಿಗೆ ಓಡಿದೆ. ಚೌಕ ಹಾಗೇ ಉಳಿಯಿತು.

ಆಗಸ್ಟಿನಲ್ಲಿ ಆಟಗಾರರೆಲ್ಲ ಮುಷ್ಕರ ಹೂಡಿದರು. ಸೆಪ್ಟೆಂಬರಿನಲ್ಲಿ ಸೀಸನ್ನೇ ರದ್ದಾಯಿತು. ಆ ವರ್ಷ ಚಾಂಪಿಯನ್ನೇ ಇಲ್ಲ! ಲಂಚ್ ರೂಮಿನಲ್ಲಿ ಸೂತಕದ ಕಳೆ. ಆದರೂ ನೌಕಾಪಡೆಯ ಮನುಷ್ಯ, ನಿಯಮ ಅಂದರೆ ನಿಯಮ. ಅಕ್ಟೋಬರಿನಲ್ಲಿ ಎಲ್ಲರನ್ನೂ ಕೂರಿಸಿ ಹಾಳೆಗಳನ್ನು ತೆಗೆದ. ಅರ್ಧ ಸೀಸನ್ನಾದ್ದರಿಂದ ಟೀಮುಗಳ ಸ್ಥಾನ ಲೆಕ್ಕಕ್ಕಿಲ್ಲ, ಉಳಿದದ್ದು ಚೌಕ ಮಾತ್ರ. ಅಟ್ಲಾಂಟಾ ಬರೆದವರು ತಪ್ಪು. ಬಾಲ್ಟಿಮೋರ್ ಬರೆದವರು ತಪ್ಪು. ನನ್ನ ಹಾಳೆ ಬಂತು. ಕಮಿಷನರ್ ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ.

"ಯಾರೂ ಇಲ್ಲ," ಅಂದ. "ಇವನೊಬ್ಬನೇ ಸರಿ!"

"ಮೋಸ!" ಕಾಂಟ್ರಾಕ್ಟ್ ಪಂಡಿತ ಹಾರಿ ಎದ್ದ. "ಅದು ಭವಿಷ್ಯ ಅಲ್ಲ, ಮರೆವು!"

"ಮರೆತೆಯೋ, ಬೇಕಂತಲೇ ಬಿಟ್ಟೆಯೋ?" ಕಮಿಷನರ್ ನನ್ನನ್ನೇ ದಿಟ್ಟಿಸಿದ. ಏಳು ಜೊತೆ ಕಣ್ಣು ನನ್ನ ಮೇಲೆ. ಕಣ್ಣ ಮುಂದೆ ಜನವರಿಯ ಹಿಮ ಬಂತು, ಬಾಗಿಲ ಪಕ್ಕದ ಜಾಗ ಬಂತು.

"ಸೊನ್ನೆ ಕಂಡುಹಿಡಿದವರೇ ನಾವು," ಅಂದೆ. "ಎಲ್ಲಿ ಹಾಕಬೇಕು ಅಂತ ನಮಗೆ ಗೊತ್ತಿರಲ್ವಾ?"

ಕೋಣೆ ಚಪ್ಪಾಳೆಯಿಂದ ನಡುಗಿತು. ಮನೆಗೆ ಓಡಿಬಂದು ಬಾಗಿಲಲ್ಲೇ ಕೂಗಿದೆ, "ಅತ್ತೆ, ನಿಮ್ಮ ವಿಮಾನದ ಪುಣ್ಯ! ಜಾಗ ಗೆದ್ದೆ!"

ಮಾರ್ಚಿನಿಂದ ಇನ್ನೂ ನಮ್ಮಲ್ಲೇ ಇದ್ದ ಅತ್ತೆಯವರು ಕುಕ್ಕರ್ ಬಿಟ್ಟು ಓಡಿ ಬಂದರು. "ಜಾಗವೇ! ಎಷ್ಟಕ್ಕೆಷ್ಟು? ಮೂವತ್ತು ನಲವತ್ತಾ?"

"ಇಲ್ಲ ಅತ್ತೆ, ಒಂದು ಕಾರು ನಿಲ್ಲಿಸುವಷ್ಟು."

"ಇರಲಿ ಬಿಡಿ, ಸಣ್ಣದಾದ್ರೂ ಕಾರ್ನರ್ ತಾನೇ? ಮೊದಲು ನಿಮ್ಮ ಹೆಸರಿಗೆ ಖಾತೆ ಮಾಡಿಸ್ಕೊಳ್ಳಿ."

ಆ ಚಳಿಗಾಲ ನಾನು ರಾಜ. ಕಾರಿಳಿದು ನಾಲ್ಕು ಹೆಜ್ಜೆಗೆ ಆಫೀಸು. ಮತ್ತೆ ಮಾರ್ಚ್ ಬಂತು, ಕಮಿಷನರ್ ಹಾಳೆ ಹಂಚಿದ. ಈ ಸಲ ಯಾರೂ ಲೆಕ್ಕ ಹಾಕಲಿಲ್ಲ, ಯಾರೂ ಊಟ ಬಿಡಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಕಾಣದಂತೆ ಕೈ ಅಡ್ಡ ಹಿಡಿದು, ಹಾಳೆ ಮಡಿಚಿ ಕೊಟ್ಟರು.

ಶರತ್ಕಾಲದಲ್ಲಿ ಒಂದು ದಿನ ಅಟ್ಲಾಂಟಾದಿಂದ ಭಾವಮೈದುನನ ಫೋನು. ಹಿಂದೆ ಪಟಾಕಿ, ಹಾರನ್ನು, ಕೇಕೆ. "ಭಾವ! ನಮ್ಮ ಟೀಮೇ ಚಾಂಪಿಯನ್! ಎಷ್ಟು ವರ್ಷದಿಂದ ಹೇಳ್ತಿದ್ದೆ! ನೀವು ಯಾರು ಅಂತ ಬರೆದಿದ್ರಿ?"

ಫೋನನ್ನು ಹೆಂಡತಿಯ ಕೈಗೆ ಕೊಟ್ಟುಬಿಟ್ಟೆ. ಮಾರನೆಯ ದಿನ ಕಮಿಷನರ್ ಹಾಳೆಗಳನ್ನು ಬಿಚ್ಚಿದ. ಎಂಟು ಹಾಳೆ, ಎಂಟು ಖಾಲಿ ಚೌಕ, ಅವನದೂ ಸೇರಿ.

ಆ ಇಡೀ ವರ್ಷ ಬಾಗಿಲ ಪಕ್ಕದ ಖಾಲಿ ಜಾಗದಲ್ಲಿ 'ಭವಿಷ್ಯ ಬಲ್ಲವರಿಗೆ ಮೀಸಲು' ಅಂತ ಬೋರ್ಡು ನೇತಾಡುತ್ತಿತ್ತು, ಮತ್ತು ನಾವು ಎಂಟೂ ಜನ ಪಂಡಿತರು ಆ ತುದಿಯಲ್ಲಿ ಕಾರು ನಿಲ್ಲಿಸಿ, ಹಿಮದಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಆ ಬೋರ್ಡಿನ ಮುಂದೆ ಜಾರಿ ಜಾರಿ ಬೀಳುತ್ತಿದ್ದೆವು.