ನನ್ನ ಏಣಿ, ಮಾವಶಿಯ ವೇಣಿ

ಸ್ವೆಟರ್ ಹೆಣೆಯಲು ಬರುವವಳಿಗೆ ಕರೆಂಟಿನ ಏಣಿ ಕಟ್ಟುವುದು ಏನು ಮಹಾ ಕಷ್ಟ? ಎರಡು ಸಾಲು, ನಡುವೆ ಓರೆಯಾಗಿ ಎಳೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ನೋಡಿದರೆ ಥೇಟ್ ಜಡೆ! ಇಷ್ಟು ಧೈರ್ಯದಿಂದ ನಾನು ಯಜಮಾನರ ಮೇಜಿನ ಮುಂದೆ ಕುಳಿತೆ.

ಯಜಮಾನರು ಹೋಗಿ ಒಂದು ಮಳೆಗಾಲ ಕಳೆದಿತ್ತು. ಹಗಲು ಕಾರಖಾನೆಯಲ್ಲಿ ಗುಮಾಸ್ತಗಿರಿ, ಸಂಜೆ ಈ ಮೇಜು. ಅವರ ಬದುಕು ಇಷ್ಟೇ. ಕುರ್ಲಾದ ಚಾಳಿನಲ್ಲಿದ್ದ ನಮ್ಮ ಒಂದೇ ಖೋಲಿಯಲ್ಲಿ ಕಿಟಕಿಯ ಗಾಳಿ ಸಿಗುತ್ತಿದ್ದದ್ದು ಆ ಮೇಜಿಗೆ, ನನಗಲ್ಲ. ಅವರು ಕೊನೆಗೆ ಹಿಡಿದಿದ್ದ ಕೆಲಸ ಈ ಏಣಿ. ಡಯೋಡು, ಕೆಪ್ಯಾಸಿಟರುಗಳನ್ನು ಮೆಟ್ಟಿಲಿನ ಹಾಗೆ ಜೋಡಿಸುತ್ತ ಹೋದರೆ ಗೋಡೆಯ ಪ್ಲಗ್ಗಿನ ಕರೆಂಟು ಒಂದೊಂದೇ ಮೆಟ್ಟಿಲು ಏರಿ, ತುದಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತದಂತೆ.

"ಆಗಿ ಏನ್ ಮಾಡ್ತದರೀ?" ಎಂದು ಕೇಳಿದ್ದೆ.

"ಕಿಡಿ ಹಾರ್ತದ."

"ಹಾರಿದ್ರ?"

"ಹಾರಿದ್ರ ನೋಡೂದು. ನಿನ್ನ ಕರದು ತೋರಸ್ತೀನಿ, ತಡಿ."

ತಡೆದೆ. ಏಣಿ ಅರ್ಧಕ್ಕೆ ನಿಂತಿತು. ಅವರು ನಿಲ್ಲಲಿಲ್ಲ.

ಮಲಾಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಅಣ್ಣನಿಗೆ ಆ ಮೇಜನ್ನು ಕಂಡರಾಗದು. ಬಂದಾಗಲೆಲ್ಲ ಅದೇ ರಾಗ.

"ಶಾಂತಾ, ಇದನ್ನ ಗುಜರಿಗೆ, ಭಂಗಾರದಂವಗ ಹಾಕೂಣು. ಆ ಜಾಗಾದಾಗ ಹೊಲಿಗಿ ಮಷೀನ್ ಇಡು. ಬ್ಲೌಸ್ ಹೊಲದ್ರ ಹೊಟ್ಟಿ ತುಂಬ್ತದ. ಈ ತಂತಿ ತುಂಬಸ್ತದೇನು?"

"ಏಣಿ ಮುಗೀಲಿ ಅಣ್ಣಾ. ಆ ಕಿಡಿ ಒಮ್ಮೆ ನೋಡ್ಬೇಕು ನಾ."

"ನೀ ಮುಗಸಾಕಿ? ಫ್ಯೂಜ್ ಹೋದ್ರ ದೇವರ ಮುಂದ ಕೈಮುಗದು ಕೂಡಾಕಿ ನೀ!"

ನನಗೂ ರೋಷ ಬಂತು. "ಕಿಡಿ ಹಾರಿದ್ರ ಮೇಜು ಇರ್ತದ. ಹಾರಲಿಲ್ಲ ಅಂದ್ರ ನಾನ ಹೊತಗೊಂಡು ಹೋಗಿ ಭಂಗಾರದಂವಗ ಕೊಡ್ತೀನಿ."

"ಆತು. ಐತವಾರ ಬರ್ತೀನಿ. ಅಂವನ್ನೂ ಸಂಗಾಟ ಕರಕೊಂಡು ಬರ್ತೀನಿ!"

ಹೀಗೆ ಸದರಿ ಏಣಿಯ ಉಳಿದರ್ಧ ಭಾಗದ ನಿರ್ಮಾಣ ಕಾರ್ಯವು ಸದರಿ ಶಾಂತಾಬಾಯಿಯ ಹೆಗಲೇರಿತು. ಮೊದಲು ಸೋಲ್ಡರಿಂಗ್ ಕಡ್ಡಿ ಬೆರಳನ್ನು ಸುಟ್ಟಿತು. ಆಮೇಲೆ ಸೆರಗನ್ನು ಸುಟ್ಟಿತು. ಬೆಸುಗೆ ಹಾಕುವುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿತು! ಆದರೂ ನಾನು ಬಿಡಲಿಲ್ಲ. ಅವರು ಕಟ್ಟಿಟ್ಟ ಅರ್ಧವನ್ನೇ ನೋಡಿಕೊಂಡು ಎಡ, ಬಲ, ಎಡ ಎಂದು ಹೆಣೆಯುತ್ತ ಹೋದೆ. ಒಂದು ಮಾತ್ರ ಸರಿ ಕಾಣಲಿಲ್ಲ. ಅವರು ಕೂರಿಸಿದ ಕೆಪ್ಯಾಸಿಟರುಗಳ ಮೇಲಿನ ಅಕ್ಷರಗಳೆಲ್ಲ ತಲೆಕೆಳಗಾಗಿದ್ದವು. ಗಂಡಸರ ಅಚ್ಚುಕಟ್ಟು! ನನ್ನ ಪಾಲಿನವನ್ನು ಅಡುಗೆಯ ಡಬ್ಬಿಗಳ ಹಾಗೆ, ಹೆಸರು ನೇರವಾಗಿ ಓದಲು ಬರುವಂತೆ ತಿರುಗಿಸಿ ಕೂರಿಸಿದೆ. ಅವಕ್ಕೆ ಪ್ಲಸ್ಸು, ಮೈನಸ್ಸು ಎಂಬ ಎರಡು ತುದಿಗಳಿದ್ದು, ತಿರುಗಿಸಿ ಕೂರಿಸಿದರೆ ಸಿಟ್ಟಿಗೇಳುತ್ತವೆ ಎಂಬುದು ನನಗೇನು ಗೊತ್ತು?

ಪಕ್ಕದ ಖೋಲಿಯ ಮಾವಶಿ ಬಾಗಿಲಲ್ಲಿ ಇಣುಕಿದ್ದು ಆಗಲೇ. ಮರಾಠಿಯ ಹೆಂಗಸು, ಬಂಗಾರದಂಥ ಮನಸ್ಸು, ಕಿವಿ ಸ್ವಲ್ಪ ಮಂದ.

"ಕಾಯ್ ಕರ್ತೇಸ್ ಗ, ಶಾಂತಾ?" ಏನು ಮಾಡುತ್ತಿದ್ದೀಯೆಂದು ಕೇಳಿದರು.

ಏಣಿಗೆ ಮರಾಠಿಯಲ್ಲಿ ಶಿಡಿ ಎನ್ನುತ್ತಾರೆಂದು ಗೊತ್ತಿತ್ತು. ಆದರೆ ಹಲ್ಲಿನಲ್ಲಿ ಬೆಸುಗೆಯ ತಂತಿ ಕಚ್ಚಿಕೊಂಡಿದ್ದೆ. ಯಜಮಾನರ ಮಾತೇ ಬಾಯಿಗೆ ಬಂತು. "ಏಣಿ, ಮಾವಶಿ."

ನಾನು ಹೇಳಿದ್ದು ಏಣಿ. ಅವರ ಕಿವಿಗೆ ಬಿದ್ದದ್ದು ವೇಣಿ. ಮರಾಠಿ ಹೆಂಗಸರು ಮುಡಿಯುವ ಹೂವಿನ ದಂಡೆ!

"ವೇಣಿ?" ಮಾವಶಿಯ ದನಿ ಇಳಿಯಿತು. "ಕೋಣಾಸಾಠಿ?"

ಯಾರಿಗೆಂದರೆ ಏನು ಹೇಳಲಿ? "ನನಗೇ" ಎಂದೆ, ನನ್ನ ಮರಾಠಿಯಲ್ಲಿ.

ಗಂಡ ಸತ್ತವಳು ತನಗಾಗಿ ತಾನೇ ವೇಣಿ ಕಟ್ಟುತ್ತಿದ್ದಾಳೆ! ಮಾವಶಿ ಒಳಗೆ ಬಂದು ನನ್ನ ತಲೆ ಸವರಿದರು. ಕಣ್ಣು ತುಂಬಿಕೊಂಡಿದ್ದರು. "ಘಾಲ್ ಗ ಪೋರಿ, ಬಿಂದಾಸ್ ಘಾಲ್!"

ಘಾಲ್ ಎಂದರೆ ಹಾಕು. ಪ್ಲಗ್ ಹಾಕು ಎನ್ನುತ್ತಿದ್ದಾರೆಂದುಕೊಂಡೆ. ನನ್ನ ಸಾಹಸಕ್ಕೆ ಎಂಥ ಪ್ರೋತ್ಸಾಹ! "ಐತವಾರ ಹಾಕ್ತೀನಿ, ಅಣ್ಣ ಬಂದ ಮೇಲೆ" ಎಂದು ಮಾತು ಕೊಟ್ಟೆ. ಸಂಜೆ ನೀರಿನ ನಲ್ಲಿಯ ಹತ್ತಿರ ಹೆಂಗಸರೆಲ್ಲ ನನಗೆ ಜಾಗ ಬಿಟ್ಟರು. ವಿಜ್ಞಾನಕ್ಕೆ ಇಷ್ಟು ಮರ್ಯಾದೆಯಿದೆಯೇ ಎಂದು ಬೀಗಿದೆ.

ಐತವಾರ ಬೆಳಿಗ್ಗೆ ಅಣ್ಣ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ.

"ಏನಿದು ಶಾಂತಾ? ಜಿನಿ ಮೆಟ್ಟಿಲಾ ಏರೂದ್ರಾಗ ನಾಕು ಮಂದಿ ಹೇಳಿದ್ರು, ನೀ ವೇಣಿ ಹಾಕ್ಕೊಳಾಕತ್ತೀಯಂತ? ಲಗ್ನ ಮಾಡ್ಕೋತೀಯಂತ?"

"ಯಾರ ಜೋಡಿ ಲಗ್ನ?"

ಉತ್ತರ ಬಾಗಿಲಲ್ಲೇ ನಿಂತಿತ್ತು. ಮಾವಶಿ, ಅವರ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮೊಗ್ಗಿನ ವೇಣಿ, ಅವರ ಹಿಂದೆ ಇಸ್ತ್ರಿ ಮಾಡಿದ ಸಫಾರಿ ತೊಟ್ಟು ಪೇಢೆಯ ಡಬ್ಬಿ ಹಿಡಿದ ಒಬ್ಬ ಗೃಹಸ್ಥ. ಅವರು ಮಾವಶಿಯ ದೂರದ ಸಂಬಂಧಿ ಸಾವಂತರಂತೆ. ಅವರ ಹೆಂಡತಿಯೂ ತೀರಿಕೊಂಡಿದ್ದರಂತೆ.

"ಮಾವಶಿ, ವೇಣಿ ನಾಹಿ! ಏಣಿ! ಶಿಡಿ! ವಿಜೇಚಿ ಶಿಡಿ!" ಎಂದು ಕೂಗಿದೆ.

"ವಿಜೇಚಿ ವೇಣಿ?" ಮಾವಶಿ ಸಾವಂತರ ಮುಖ ನೋಡಿದರು. ಕರೆಂಟಿನ ವೇಣಿಯನ್ನು ಸಾವಂತರೂ ಕಂಡವರಲ್ಲ. ನೋಡಲು ಮೇಜಿನ ಮೇಲೆ ಬಗ್ಗಿದರು.

ಬಾಯಿಂದ ಹೇಳಿ ತಿಳಿಸುವ ಕಾಲ ಮೀರಿತ್ತು. ಮಾಡಿಯೇ ತೋರಿಸುತ್ತೇನೆಂದು ಪ್ಲಗ್ ಹಾಕಿದೆ.

ಢಂ!

ನಾನು ತಿರುಗಿಸಿ ಕೂರಿಸಿದ ಕೆಪ್ಯಾಸಿಟರು ಹೊಟ್ಟೆ ಒಡೆದುಕೊಂಡಿತು. ಅದರೊಳಗಿನ ಕಾಗದದ ಚೂರು, ಬೆಳ್ಳಿಯಂಥ ತಗಡಿನ ಸುರುಳಿ ಎಲ್ಲ ಹಾರಿ ಸಾವಂತರ ತಲೆಯ ಮೇಲೆ ದಂಡೆಯಾಗಿ ಇಳಿಯಿತು. ಕೊನೆಗೆ ವೇಣಿ ಮುಡಿದವರು ಅವರೇ! ಪೇಢೆಯ ಡಬ್ಬಿಯ ಸಮೇತ ಅವರು ಜಿನಿ ಇಳಿದ ಸದ್ದು ಕೇಳಿಸಿತು. ಮತ್ತೆಂದೂ ಹತ್ತಿದ ಸದ್ದು ಕೇಳಿಸಲಿಲ್ಲ.

ಅದೇ ಹೊತ್ತಿಗೆ ಇಡೀ ಮಾಳಿಗೆಯ ಫ್ಯೂಜ್ ಹೋಯಿತು. ಟಿ.ವಿ.ಯಲ್ಲಿ ದೇವರ ಧಾರಾವಾಹಿ ನಡೆಯುತ್ತಿದ್ದ ಸಮಯ. ಬಾಣ ಹೂಡಿದ್ದ ದೇವರು ಎಲ್ಲರ ಮನೆಯಲ್ಲೂ ಒಟ್ಟಿಗೇ ಮಾಯವಾದರು! ಊದುಬತ್ತಿ ಹಿಡಿದವರು ಹಿಡಿದಂತೆಯೇ ಬಂದು ನಮ್ಮ ಬಾಗಿಲು, ಕಿಟಕಿ ತುಂಬಿಕೊಂಡರು. ಹಗಲಲ್ಲೇ ಖೋಲಿ ಕತ್ತಲಾಯಿತು.

"ಬಿಡು ಶಾಂತಾ," ಅಣ್ಣನ ದನಿ ಮೆತ್ತಗಿತ್ತು. "ಆಗ್ಲಿಲ್ಲ. ಭಂಗಾರದಂವ ಕೆಳಗ ನಿಂತಾನ."

"ನನ್ನ ಭಾಗ ಅಷ್ಟ ಕೆಟ್ಟದ. ಅವರು ಮಾಡಿದ್ದು ಸರಿ ಇರ್ತದ," ಎಂದೆ. ಪ್ಲಗ್ ಕಿತ್ತೆ. ಕಿತ್ತ ಮೇಲೆ ಇನ್ನೇನು ಭಯ ಎಂದು ಕತ್ತಲಲ್ಲೇ ತಡಕಿ ಅವರ ಅರ್ಧಕ್ಕೆ ಕೈ ಹಾಕಿದೆ.

ಪ್ಲಗ್ ಕಿತ್ತರೂ ಕೆಪ್ಯಾಸಿಟರು ಕರೆಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿರುತ್ತದೆ. ಯಜಮಾನರ ಸ್ವಭಾವವೂ ಅದೇ. ಜಗಳಕ್ಕೆ ಉತ್ತರ ಕೊಡುತ್ತಿದ್ದದ್ದು ಮಾರನೆಯ ದಿನ, ಊಟದ ಹೊತ್ತಿಗೆ.

ಚಟ್!

ಪ್ರಜ್ಞೆ ಬಂದಾಗ ಅಕ್ಕಿಯ ಡಬ್ಬಿಗೆ ಒರಗಿ ಕುಳಿತಿದ್ದೆ. ಮಾವಶಿ ನೀರು ಕುಡಿಸುತ್ತಿದ್ದರು. ಚಾಳಿಗೆ ಚಾಳೇ ಚಪ್ಪಾಳೆ ತಟ್ಟುತ್ತಿತ್ತು.

"ಹಾರಿತಲ್ಲೋ ಯಪ್ಪಾ!" ಅಣ್ಣ ಕುಣಿಯುವುದೊಂದು ಬಾಕಿ. "ನೀಲಿ! ಬೆರಳುದ್ದ! ಕತ್ತಲಾಗ ಎಷ್ಟು ಚಂದ ಕಾಣ್ತು ಅಂತಿ! ನೋಡಿದಿಲ್ಲೋ?"

ಕಿಡಿ ಹಾರಿದಾಗ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಚೀರುತ್ತಿದ್ದೆ.

ಅಣ್ಣ ತಾನೇ ಕೆಳಗಿಳಿದು ಭಂಗಾರದವನನ್ನು ಕಳಿಸಿ ಬಂದ. ಮೇಜು ಉಳಿಯಿತು. ಸಂಜೆ ಯಜಮಾನರ ಫೋಟೋದ ಮುಂದೆ ದೀಪ ಹಚ್ಚಿ, ಕಣ್ಣಾರೆ ಕಂಡವಳ ಗತ್ತಿನಲ್ಲಿ ವರದಿ ಒಪ್ಪಿಸಿದೆ.

"ಕಿಡಿ ಹಾರಿತಂತರೀ. ನೀಲಿ ಇತ್ತಂತ. ಭಾಳ ಚಂದ ಇತ್ತಂತ!"