ಉಗುಳಿದ್ದರ ಲೆಕ್ಕ

ಇದು ನಡೆದದ್ದು ಹೋದ ವರ್ಷ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ನಾನು ರಸಾಯನಶಾಸ್ತ್ರ ಓದಿದವಳು. ಎಲ್ಲವನ್ನೂ ಅಳೆದು ಬರೆದುಕೊಳ್ಳುವುದು ರೂಢಿ. ಆದರೂ ನಗೆಪಾಟಲಿನ ಸಂಗತಿಗಳು ನನ್ನ ಸುತ್ತಲೇ ನಡೆಯುತ್ತವೆ. ಅಳೆದಷ್ಟೂ ಹೆಚ್ಚು ನಡೆಯುತ್ತವೆ.

ಲಿಂಗಸುಗೂರಿನ ಆಚೆ, ದ್ರಾಕ್ಷಿ ತೋಟದ ಪಕ್ಕ, ಸಣ್ಣದೊಂದು ವೈನ್ ಕಾರ್ಖಾನೆ. ಅಲ್ಲಿ ಲ್ಯಾಬ್ ಸಹಾಯಕರ ಹುದ್ದೆ ಒಂದೇ ಒಂದು. ಮೂರು ತಿಂಗಳ ತರಬೇತಿ, ಕೊನೆಗೆ ಪರೀಕ್ಷೆ. ಬಂದವರು ಆರು ಜನ. ಡಿಗ್ರಿ ಮುಗಿಸಿ ಎರಡು ವರ್ಷ ಮಸ್ಕಿಯ ಮನೆಯಲ್ಲಿ ಕೂತಿದ್ದ ನನಗೆ ಅದು ಬೇಕೇ ಬೇಕಿತ್ತು.

ತೊಡಕು ಅಪ್ಪ. ಅವರು ಶಾಲಾ ಮಾಸ್ತರರು. ನಮ್ಮದು ಬೌದ್ಧ ಮನೆ. ಪಂಚಶೀಲ ಹೇಳಿದ ಮೇಲೆಯೇ ಬೆಳಗಿನ ಚಹಾ. ಐದನೆಯ ಶೀಲ ಮದ್ಯ ಸೇವಿಸಬಾರದೆಂಬುದು. ರುಚಿ ನೋಡುವವರು ನುಂಗುವುದಿಲ್ಲ, ಬಾಯಲ್ಲಿ ಆಡಿಸಿ ಉಗುಳುತ್ತಾರೆ ಎಂದು ವಿವರಿಸಿದೆ. ಅಪ್ಪ ಎರಡು ದಿನ ಯೋಚಿಸಿದರು.

“ಹೋಗು. ಆದ್ರ ಒಂದ ಹನಿ ಗಂಟಲದಾಗ ಇಳೀತಂದ್ರ ಅವತ್ತಿಗೆ ಬಂದ್. ಎಷ್ಟು ಸಲ ಬಾಯಿಗೆ ಹಾಕ್ಕೊಂಡಿ, ಎಷ್ಟು ಸಲ ಉಗುಳಿದಿ, ಎಲ್ಲಾ ಬರದು ತೋರಿಸಬೇಕು.”

ಇನ್ನೂರು ಪುಟದ ನೋಟ್‌ಬುಕ್ ಅವರೇ ತಂದರು. ಎರಡು ಕಾಲಂ ಗೆರೆಯನ್ನೂ ಅವರೇ ಎಳೆದರು.

೧. ಅಂಗಳದ ಗೆರೆ

ಮೊದಲ ದಿನದ ಪಾಠ ಸರಳ. ಗ್ಲಾಸು ತಿರುಗಿಸು, ಮೂಸು, ಒಂದು ಗುಟುಕು ತಗೊ, ಗಾಳಿ ಎಳೆದು ಬಾಯಲ್ಲಿ ಆಡಿಸು, ಬಕೆಟ್ಟಿಗೆ ಉಗುಳು. ಮೊದಲ ನಾಲ್ಕು ಸರಿಯಾಗಿ ಮಾಡಿದೆ. ಐದನೆಯದು ಬಕೆಟ್ಟಿಗೆ ಹೋಗಲಿಲ್ಲ. ಅರ್ಧ ನನ್ನ ಓಢಣಿಗೆ, ಅರ್ಧ ತರಬೇತಿ ಕೊಡುವ ಸರ್ ಅವರ ಬೂಟಿಗೆ.

ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಕೆಂಪು ಕಲೆ ನೋಡಿ, “ಅಕ್ಕಾರ, ಬಸ್ಸಿನ್ಯಾಗ ಎಲಿ ತಿಂದು ಉಗುಳಬ್ಯಾಡ್ರಿ” ಅಂದ. ವೈನ್ ಎಂದು ಹೇಳುವುದಕ್ಕಿಂತ ಎಲೆ ಎಂದು ಒಪ್ಪಿಕೊಳ್ಳುವುದೇ ಮೇಲೆನಿಸಿತು. ತಲೆ ಆಡಿಸಿದೆ.

ಮನೆಯಲ್ಲಿ ಅಜ್ಜಿ ನೋಡಿದಳು. ಅರವತ್ತು ವರ್ಷ ಎಲೆ-ಅಡಿಕೆ ಹಾಕಿದವಳು. ಅವಳ ಸೆರಗಿನ ಮೇಲೆ ಒಂದು ಚುಕ್ಕೆ ಬಿದ್ದದ್ದನ್ನು ಯಾರೂ ಕಂಡಿಲ್ಲ.

“ಇದೇನ್ ಬೇ ಇದು? ಯಾರು ಕಲಿಸ್ಯಾರ ನಿನಗ ಹಿಂಗ ಉಗುಳೋದು? ಬಾ ಇಲ್ಲಿ.”

ಅಂಗಳದಲ್ಲಿ ಸುಣ್ಣದ ಗೆರೆ ಎಳೆದಳು. ಒಂದು ತಂಬಿಗೆ ನೀರು ಇಟ್ಟಳು. “ನಾಲಿಗಿ ಹಿಂದಕ ಮಡಚು. ತುಟಿ ಸೀಟಿ ಹೊಡದಂಗ ಮಾಡು. ಗಲ್ಲದಿಂದ ಅಲ್ಲ, ಹೊಟ್ಟಿಯಿಂದ ನೂಕು. ಮತ್ತ ದೊಡ್ಡವರು ಮಾತಾಡಾಕತ್ತಾಗ ಮಾತ್ರ ಉಗುಳಬ್ಯಾಡ. ಅದು ಮರ್ಯಾದಿ ಅಲ್ಲ.”

ಟೇಪು ಹಿಡಿದು ಅಳೆದೆ. ಮೊದಲ ದಿನ ನಲವತ್ತು ಸೆಂಟಿಮೀಟರ್, ಅದೂ ಚದುರಿದ್ದು. ಹತ್ತನೆಯ ದಿನ ಒಂದೂವರೆ ಮೀಟರ್, ಒಂದೇ ಧಾರೆ. ಆ ಹೊತ್ತಿಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅಜ್ಜಿ ಮೊಮ್ಮಗಳು ಇಬ್ಬರೂ ಸಾಲಾಗಿ ನಿಂತು ಗೆರೆಗೆ ಉಗುಳುತ್ತಿದ್ದೆವು.

“ಏನ್ ನಡಿಸೀರಿ ಯವ್ವಾ?”

ಅಜ್ಜಿ ಬಾಯಿ ಒರೆಸಿಕೊಂಡು ಹೇಳಿದಳು: “ನೌಕರಿಗೆ ತಯಾರಿ.”

೨. ಆರು ಗ್ಲಾಸು, ಒಂದು ವಾಸನೆ

ಎರಡನೆಯ ವಾರ ಮೂಗಿನ ಪಾಠ. ಗೋಡೆಯ ಮೇಲೆ ವೈನಿನಲ್ಲಿ ಸಿಗುವ ವಾಸನೆಗಳ ಒಂದು ಪಟ್ಟಿ. ಅದರಲ್ಲಿದ್ದ ಹಣ್ಣುಗಳಲ್ಲಿ ಅರ್ಧವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಸರ್ ವಿಜಯಪುರದ ಕಡೆಯವರು. “ಪಟ್ಟಿ ಬಿಡ್ರಿ. ನಿಮ್ಮ ಮೂಗಿಗಿ ಗೊತ್ತಿದ್ದದ್ದು ಹೇಳ್ರಿ” ಅಂದರು.

ಬಳಗಾನೂರಿನ ಹುಡುಗ ಮೂಸಿ, “ಹೊಸಾ ಚಪ್ಪಲಿ ಅಂಗಡಿ ಸರ” ಅಂದ. ಪಟ್ಟಿಯಲ್ಲಿ ಚರ್ಮ ಎಂದಿತ್ತು. ಸರಿ. ಹಟ್ಟಿಯ ಹುಡುಗಿ ಬಿಳಿ ವೈನ್ ಮೂಸಿ, “ನಮ್ಮಪ್ಪ ಗಣಿಯಿಂದ ಶಿಫ್ಟ್ ಮುಗಿಸಿ ಬಂದಾಗಿನ ಹೆಲ್ಮೆಟ್” ಅಂದಳು. ಪಟ್ಟಿಯಲ್ಲಿ ಒದ್ದೆ ಕಲ್ಲು ಎಂದಿತ್ತು. ಅದೂ ಸರಿ.

ನಂತರ ಎಲ್ಲರೂ ಆರು ಗ್ಲಾಸು ಮೂಸಿ ಬರೆದುಕೊಡಬೇಕಿತ್ತು. ನಾನು ಕಣ್ಣು ಮುಚ್ಚಿ, ಒಂದೊಂದಕ್ಕೂ ಮೂರು ಸಲ ಮೂಸಿ ಬರೆದೆ. ಆರಕ್ಕೆ ಆರರಲ್ಲೂ ಮಲ್ಲಿಗೆ. ಅನುಮಾನ ಬಂತು. ಮತ್ತೆ ಮೂಸಿದೆ. ಮಲ್ಲಿಗೆಯೇ.

ಸರ್ ಹಾಳೆ ನೋಡಿದರು. ನನ್ನ ಎರಡೂ ಪಕ್ಕದವರು ಮಲ್ಲಿಗೆ ಬರೆದಿದ್ದರು. ಹಿಂದಿನವರೂ ಬರೆದಿದ್ದರು. ಸರ್ ಗಾಬರಿಯಾಗಿ ಗ್ಲಾಸುಗಳನ್ನು ತಾವೇ ಮೂಸಿದರು. ಕಿಟಕಿ ತೆರೆಸಿದರು. ಮೆಲ್ಲಗೆ ನನ್ನ ಬೆಂಚಿನ ಹಿಂದೆ ಬಂದು ನಿಂತರು.

“ತಂಗಿ, ತಲ್ಯಾಗ ಎಷ್ಟು ಮೊಳ ಮುಡಕೊಂಡೀರಿ?”

“ಎರಡು ಮೊಳ ರೀ.”

ನನ್ನ ಆಯುಷ್ಯದಲ್ಲಿ ಯಾರೂ ನನ್ನ ಉತ್ತರ ನಕಲು ಮಾಡಿರಲಿಲ್ಲ. ಅವತ್ತು ಐದು ಜನ ಮಾಡಿದರು, ಮೂಗಿನಿಂದ.

೩. ಮುಚ್ಚಳ

ಮಾರ್ಚಿನಲ್ಲಿ ವೈನ್ ಮಾಡುವ ಪಾಠ. ದ್ರಾಕ್ಷಿ ಜಜ್ಜಿ, ಸಿಪ್ಪೆ ಸಮೇತ ಡ್ರಮ್ಮಿಗೆ ಹಾಕಿ, ಈಸ್ಟ್ ಬೆರೆಸಬೇಕು. ಅದು ಸಕ್ಕರೆ ತಿಂದು ಮದ್ಯವನ್ನೂ ಗಾಳಿಯನ್ನೂ ಬಿಡುತ್ತದೆ. ಗಾಳಿ ಹೊರಹೋಗಲು ಮುಚ್ಚಳ ಸಡಿಲ ಇರಬೇಕು. ನನಗೆ ಇಪ್ಪತ್ತು ಲೀಟರಿನ ಒಂದು ಡ್ರಮ್ ಕೊಟ್ಟರು. ಎರಡು ತಾಸಿಗೊಮ್ಮೆ ಪಟ್ಟಿಗೆ ಗುರುತು ಹಾಕುತ್ತಿದ್ದೆ: ಉಷ್ಣತೆ, ಬಣ್ಣ, ಮುಚ್ಚಳ.

ಕಸ ಗುಡಿಸಲು ಬರುತ್ತಿದ್ದ ಸಂತೆಕಲ್ಲೂರಿನ ಅಮ್ಮ ಅಚ್ಚುಕಟ್ಟು ಹೆಂಗಸು. ಡ್ರಮ್ಮಿನ ಸುತ್ತ ನೊಣ ಕಂಡು ಅವರಿಗೆ ಸಂಕಟವಾಗಿದೆ. ಮುಚ್ಚಳ ಗಟ್ಟಿಯಾಗಿ ತಿರುವಿ, ಮೇಲೆ ಅರಿವೆ ಹೊದಿಸಿ, ಹಗ್ಗ ಬಿಗಿದು, ಅದರ ಮೇಲೊಂದು ಕಲ್ಲು ಇಟ್ಟಿದ್ದಾರೆ. ನಾನು ಬಂದು ನೋಡಿದೆ. ಮುಚ್ಚಳ ಇತ್ತು. ಗುರುತು ಹಾಕಿದೆ.

ಊಟಕ್ಕೆ ಕೂತಾಗ ಢಂ ಎಂದಿತು. ಓಡಿ ಹೋದರೆ ಕಲ್ಲು ಮೂಲೆಯಲ್ಲಿ, ಮುಚ್ಚಳ ಕಿಟಕಿಯಲ್ಲಿ. ಚಾವಣಿ ಗುಲಾಬಿ ಬಣ್ಣ. ಅಲ್ಲಿಂದ ಒಂದೊಂದೇ ಸಿಪ್ಪೆ ಸರ್ ಅವರ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು.

“ಹಿಂಗ್ಯಾಕ ಕಟ್ಟೀರಿ?” ಅಂದರು ಸರ್.

ಅಮ್ಮ ಎದೆ ಹಿಡಿದುಕೊಂಡೇ ಸಿಟ್ಟಾದರು. “ಮೂವತ್ತು ವರ್ಷ ಆತು ಹಿಂಗ ಕಟ್ಟಾಕತ್ತು. ನಮ್ಮ ಉಪ್ಪಿನಕಾಯಿ ಒಂದ್ ದಿನಾನೂ ಎದ್ದು ಹೊಡದಿಲ್ರಿ.”

ಸರ್ ನನ್ನ ಪಟ್ಟಿ ನೋಡಿದರು. ಮುಚ್ಚಳದ ಎದುರಿಗೆ ಚೆಂದದ ಗುರುತು. “ಇನ್ನೊಂದು ತಪ್ಪಾತು ಅಂದ್ರ ಪರೀಕ್ಷಾಕ್ಕ ಕೂಡ್ರಸಂಗಿಲ್ಲ” ಅಂದರು. ಒಂದು ಸಿಪ್ಪೆ ಅವರ ಕಿವಿಯಲ್ಲಿತ್ತು. ಹೇಳಲು ಧೈರ್ಯ ಸಾಲಲಿಲ್ಲ.

೪. ಎಂಟನೆಯ ಗ್ಲಾಸು

ಏಪ್ರಿಲ್‌ನಲ್ಲಿ ಪರೀಕ್ಷೆ. ಎಂಟು ಗ್ಲಾಸು. ತಲೆಗೆ ಹೂವು ಮುಡಿಯದೆ, ಎಣ್ಣೆ ಹಚ್ಚದೆ ಹೋಗಿದ್ದೆ. ಎದುರಿಗೆ ಸರ್, ಪಕ್ಕದಲ್ಲಿ ಮಾಲೀಕರು, ಅಜ್ಜನ ವಯಸ್ಸಿನವರು. ಎಂಟನೆಯ ಗ್ಲಾಸನ್ನು ಅವರೇ ಮನೆಯಿಂದ ತಂದ ಬಾಟಲಿಯಿಂದ ಸುರಿದರು.

ಏಳು ದಾಟಿದೆ. ಎಂಟನೆಯದನ್ನು ಮೂಸಿದ ಕೂಡಲೇ ನನಗೆ ಸಿಂಧನೂರು ನೆನಪಾಯಿತು. ಅಲ್ಲಿ ಓದುವಾಗ ನಮ್ಮ ಹಾಸ್ಟೆಲ್ ಅಕ್ಕಿ ಗಿರಣಿಯ ಹಿಂದೆ ಇತ್ತು. ಮಳೆ ಬಂದು ಭತ್ತದ ಚೀಲ ತೊಯ್ದರೆ ಮೂರು ದಿನ ಇದೇ ವಾಸನೆ. ಒಂದು ಗುಟುಕು ಆಡಿಸಿದೆ, ಉಗುಳಿದೆ, ಬರೆದೆ: ಒದ್ದೆ ಗೋಣಿಚೀಲ. ಬಿರಡೆ ಕೆಟ್ಟು ವೈನ್ ಹಾಳಾಗಿದೆ.

ಉಳಿದ ಐವರೂ ‘ಅತ್ಯುತ್ತಮ’ ಎಂದು ಬರೆದಿದ್ದರು.

ಮಾಲೀಕರ ಮುಖ ಕೆಂಪಾಯಿತು. “ಏನಿದು? ನಿನ್ನಿ ನಮ್ಮ ಬೀಗರಿಗೆ ಇದನ್ನ ಕೊಟ್ಟೀನಿ. ಎಲ್ಲಾರೂ ಭಾರಿ ಐತಿ ಅಂದ್ರು!”

ಸರ್ ಗ್ಲಾಸು ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ ಮೆಲ್ಲಗೆ, “ಬೀಗರು ಮತ್ತೇನಂತಾರ್ರೀ?” ಅಂದರು.

ಮಾಲೀಕರೂ ಮೂಸಿದರು. ಸರ್ ನನಗೆ, “ಇನ್ನೊಮ್ಮಿ ನೋಡಿ ಖಾತ್ರಿ ಮಾಡ್ರಿ” ಅಂದರು. ನಾನು ಗುಟುಕು ತಗೊಂಡೆ. ಗಾಳಿ ಎಳೆದೆ. ನಾಲಿಗೆ ಹಿಂದಕ್ಕೆ ಮಡಚಿ, ತುಟಿ ಸೀಟಿಯಂತೆ ಮಾಡಿ ಬಕೆಟ್ಟಿಗೆ ಗುರಿಯಿಟ್ಟೆ.

ಅಷ್ಟರಲ್ಲಿ ಮಾಲೀಕರು ಎದ್ದು ನಿಂತರು. “ತಂಗಿ, ನಿನ್ನ ಮೂಗು ಖರೆ ಐತಿ. ಸೋಮವಾರದಿಂದ ಕೆಲಸಕ್ಕ ಬರ್ತೀ?”

ಎರಡು ವರ್ಷದಿಂದ ಕಾಯ್ದ ಮಾತು. ಹೇಳುತ್ತಿರುವವರು ಹಿರಿಯರು. ಅವರು ಮಾತಾಡುವಾಗ ಉಗುಳುವಂತಿಲ್ಲ. ಬಾಯಿ ತುಂಬಿಕೊಂಡು ಉತ್ತರ ಕೊಡುವಂತೆಯೂ ಇಲ್ಲ.

“ಹೂಂ ರೀ” ಅಂದೆ.

ಸಂಜೆ ಅಪ್ಪ ಕೆಂಪು ಪೆನ್ನು ಹಿಡಿದು ಎರಡೂ ಕಾಲಂ ಕೂಡಿಸಿದರು. ಮೊದಲಿಂದ ಇನ್ನೊಮ್ಮೆ ಕೂಡಿಸಿದರು. “ಒಂದು ಎಲ್ಲಿ ಹೋತು?”

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಪ್ಪ ನೋಟ್‌ಬುಕ್ ಮುಚ್ಚಿದರು.

ಅಜ್ಜಿ ಹೊಸ್ತಿಲಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದಳು. “ದೊಡ್ಡವರು ಮಾತಾಡಾಕತ್ತಾಗ ಉಗುಳಬ್ಯಾಡ ಅಂತ ನಾನ ಕಲಿಸೀನಪ್ಪ. ನಿನಗೂ ಕಲಿಸೀನಿ. ಆ ಒಂದು ನನ್ನ ಹೆಸರಿಲೆ ಬರಕೋ.”

ಅಪ್ಪ ಅಜ್ಜಿಯತ್ತ ನೋಡಿದರು. ಅವರ ಮೀಸೆ ಅಲುಗಿತು. ಮತ್ತೆ ನೋಟ್‌ಬುಕ್ ತೆರೆದು, ಶಾಲೆಯ ಮಕ್ಕಳಿಗೆ ಬರೆಯುವಂತೆ ‘ಮುಂದೆ ಎಚ್ಚರಿಕೆ’ ಎಂದು ಬರೆದು ಸಹಿ ಹಾಕಿದರು.

ಸಹಿಯ ಮೇಲೆ ಮೊತ್ತ ಇದೆ. ಬಾಯಿಗೆ ಹಾಕಿದ್ದು ೧೮೬. ಉಗುಳಿದ್ದು ೧೮೫.